ಮೇಲಿನಿಂದ ನೋಡಿದರೆ ನಮ್ಮ ಹೊಲ

ಪಾಲಕರ ಸಭೆ ಮುಗಿದ ಮೇಲೆ ಒಬ್ಬ ಪಾಲಕರು ನಮ್ಮನ್ನು ಬಾಗಿಲಲ್ಲಿ ತಡೆದು ಕೇಳಿದರು: "ಸರ, ಬರಗಾಲ ಬಿದ್ದೈತೋ ಇಲ್ಲೋ ಅನ್ನೂದು ಈಗ ಮ್ಯಾಲಿಂದ ನೋಡಿ ಹೇಳತಾರಂತಲ್ರೀ. ಅಷ್ಟು ಎತ್ತರದಿಂದ ನಮ್ಮ ಜ್ವಾಳ ಒಣಗಿದ್ದು ಅವರಿಗೆ ಹ್ಯಾಂಗ ಕಾಣತೈತ್ರಿ?"

ನಾವು ಕನ್ನಡ ಕಲಿಸುವವರು. ಆಗ ಸರಿಯಾದ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಆಮೇಲೆ ವಿಜ್ಞಾನದ ಶಿಕ್ಷಕರನ್ನು ಕಾಡಿ, ನಾಲ್ಕು ಪುಸ್ತಕ ತಿರುವಿ ಹಾಕಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಹಿರಿಯರಿಗೂ ಓದಿ ಹೇಳಬೇಕು.

ನಮ್ಮ ಭಾಗದಲ್ಲಿ ಬರಗಾಲವೆಂದರೆ ಹಿರಿಯರು ಇಂದಿಗೂ 1972ನೆಯ ಇಸವಿಯನ್ನೇ ನೆನೆಯುತ್ತಾರೆ. ಖಡಿ ಒಡೆಯುವ ಕೆಲಸ, ಅಲ್ಲಿ ಹಂಚುತ್ತಿದ್ದ ಸುಕಡಿ, ಅಮೇರಿಕೆಯಿಂದ ಬಂದ ಕೆಂಪು ಮೈಲೋ ಜೋಳದ ರೊಟ್ಟಿ ಇವೆಲ್ಲ ಅವರ ಮಾತಿನಲ್ಲಿ ಬರುತ್ತವೆ. ಬೆಳೆ ಎಷ್ಟು ಬಂತೆಂಬುದನ್ನು ಹಿಂದೆ ಆಣೇವಾರಿಯಿಂದ ಅಳೆಯುತ್ತಿದ್ದರು. ಹದಿನಾರಾಣೆಯೆಂದರೆ ತುಂಬಿದ ಬೆಳೆ. ಮುಂದೆ ಅದೇ ಪೈಸೇವಾರಿಯಾಯಿತು; 50 ಪೈಸೆಗಿಂತ ಕಡಿಮೆ ಬಂದರೆ ಬರ. ಈ ಲೆಕ್ಕಕ್ಕೆ ಹೊಲ ತಿರುಗಬೇಕು, ರಾಶಿ ಅಳೆಯಬೇಕು, ಕಾಗದ ತಾಲೂಕಿಗೆ ಮುಟ್ಟಬೇಕು. ಅಷ್ಟರಲ್ಲಿ ಬಣವಿ ಕರಗಿ ದನಗಳು ಸಂತೆ ಸೇರಿರುತ್ತಿದ್ದವು.

ಅದೇ 1972ರ ಜುಲೈ 23ರಂದು ಅಮೇರಿಕೆ ಭೂಮಿಯ ನೆಲ, ನೀರು, ಬೆಳೆಗಳನ್ನು ನೋಡುವುದಕ್ಕೆಂದೇ ಒಂದು ಉಪಗ್ರಹವನ್ನು ಹಾರಿಸಿತು. ಅದಕ್ಕೆ ಆಮೇಲೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾಯಿತು. ನಮ್ಮ ದೇಶದಲ್ಲಿ ಅದಕ್ಕೂ ಸ್ವಲ್ಪ ಮೊದಲೇ ಪಿಷಾರೋಟಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ಬೇರೆಯದೇ ಒಂದು ಬಗೆಯ ಫಿಲ್ಮಿನಿಂದ ಫೋಟೊ ತೆಗೆದಿದ್ದರು. ರೋಗ ತಗಲಿದ ಗಿಡ ಆ ಫಿಲ್ಮಿನಲ್ಲಿ ಬೇರೆ ಬಣ್ಣವಾಗಿ ತೋರಿತು. ಮುಟ್ಟದೆ, ಹತ್ತಿರ ಹೋಗದೆ ತಿಳಿಯುವ ಈ ವಿದ್ಯೆಗೆ ಕನ್ನಡದಲ್ಲಿ ದೂರಸಂವೇದಿ ಎನ್ನುತ್ತಾರೆ, ಮರಾಠಿಯಲ್ಲಿ ಸುದೂರ ಸಂವೇದನ. ಎರಡೂ ಒಳ್ಳೆಯ ಶಬ್ದಗಳೇ.

ಮುಂದಿನ ಕೆಲಸಗಳಲ್ಲಿ ಬಹುಪಾಲು ನಡೆದದ್ದು ಬೆಂಗಳೂರಿನಲ್ಲಿ. ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಅದನ್ನು ಕಟ್ಟಿಸಿದವರು ಉಡುಪಿಯ ಹತ್ತಿರದ ಅದಮಾರಿನವರಾದ ಯು. ಆರ್. ರಾವ್. 1979ರಲ್ಲಿ ಭಾಸ್ಕರ, 1988ರ ಮಾರ್ಚ್ 17ರಂದು ಐ.ಆರ್.ಎಸ್.-1ಎ ಹಾರಿದವು. ಈ ಮೂರನ್ನೂ ಏರಿಸಿದ್ದು ರಷಿಯನ್ನರ ರಾಕೆಟ್ಟು. 1994ರಿಂದ ನಮ್ಮದೇ ಪಿ.ಎಸ್.ಎಲ್.ವಿ. ರಾಕೆಟ್ಟು ಆ ಕೆಲಸಕ್ಕೆ ಒದಗಿತು. ರಿಸೋರ್ಸ್‌ಸ್ಯಾಟ್ ಎಂಬ ಹೆಸರಿನ ಮೂರು ಉಪಗ್ರಹಗಳು 2003, 2011 ಮತ್ತು 2016ರಲ್ಲಿ ಶ್ರೀಹರಿಕೋಟೆಯಿಂದಲೇ ಏರಿದವು.

ಈಗ ಆ ಪಾಲಕರ ಪ್ರಶ್ನೆಗೆ ಬರೋಣ. ಎಲೆ ಹಸಿರಾಗಿ ಕಾಣುವುದೇಕೆ? ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ಎಲೆ ತನ್ನ ಆಹಾರ ತಯಾರಿಸಲು ಹೀರಿಕೊಳ್ಳುತ್ತದೆ. ಹಸಿರನ್ನು ಸ್ವಲ್ಪ ಹಿಂದಕ್ಕೆ ಬಿಡುತ್ತದೆ. ಕೆಂಪಿನ ಆಚೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿದೆ. ಅದು ಎಲೆಗೆ ಬೇಡ. ಆರೋಗ್ಯದಿಂದಿರುವ ಎಲೆ ಅದರಲ್ಲಿ ಸುಮಾರು ಅರ್ಧವನ್ನು ಹೊರಕ್ಕೆ ಚೆಲ್ಲುತ್ತದೆ. ಬೆಳೆ ಬಾಡಿದಂತೆ ಕೆಂಪನ್ನು ಹೀರುವುದು ಕಡಿಮೆಯಾಗುತ್ತದೆ, ಅವಕೆಂಪನ್ನು ಚೆಲ್ಲುವುದೂ ಕಡಿಮೆಯಾಗುತ್ತದೆ. ಉಪಗ್ರಹದ ಕ್ಯಾಮೆರಾ ಈ ಎರಡನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ.

ಲೆಕ್ಕ ಸುಲಭ. ಅವಕೆಂಪಿನಿಂದ ಕೆಂಪನ್ನು ಕಳೆಯಿರಿ. ಬಂದುದನ್ನು ಎರಡರ ಮೊತ್ತದಿಂದ ಭಾಗಿಸಿರಿ. ಉದಾಹರಣೆಗಾಗಿ ನಾವೇ ಕೆಲವು ಅಂಕಿ ಹಿಡಿಯೋಣ. ತುಂಬಿ ನಿಂತ ಜೋಳದಿಂದ ನೂರಕ್ಕೆ ಅವಕೆಂಪು 50, ಕೆಂಪು 8 ಬಂದರೆ 42ನ್ನು 58ರಿಂದ ಭಾಗಿಸಿ ಉತ್ತರ 0.72. ಬಾಡಿದ ಬೆಳೆಯಿಂದ 30 ಮತ್ತು 15 ಬಂದರೆ ಉತ್ತರ 0.33. ಬರಿಯ ಎರಿ ಮಣ್ಣಿನಿಂದ 14 ಮತ್ತು 10 ಬಂದರೆ 0.17. ಈ ಅಂಕಿಯನ್ನು ಹಿಂದಿನ ವರ್ಷಗಳ ಅದೇ ವಾರದ ಅಂಕಿಗಳೊಡನೆ ಹೋಲಿಸಿದಾಗ ಈ ವರ್ಷದ ಬೆಳೆ ಹೇಗಿದೆಯೆಂದು ತಿಳಿಯುತ್ತದೆ. ಹೋಲಿಕೆ ನ್ಯಾಯವಾಗಿರಬೇಕಾದರೆ ಬಿಸಿಲಿನ ಓರೆಯೂ ಒಂದೇ ಬಗೆಯಾಗಿರಬೇಕಲ್ಲವೆ? ಅದಕ್ಕಾಗಿ ಈ ಉಪಗ್ರಹಗಳು ಒಂದು ಊರಿನ ಮೇಲೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ಹಾಯುವಂತೆ ಕಕ್ಷೆಯನ್ನು ಹೊಂದಿಸುತ್ತಾರೆ. ಕಾಣದ ಅವಕೆಂಪಿಗೆ ಚಿತ್ರದಲ್ಲಿ ಕೆಂಪು ಬಣ್ಣ ಕೊಡುವುದು ರೂಢಿ. ಆದ್ದರಿಂದ ಒಳ್ಳೆಯ ಬೆಳೆ ಅಲ್ಲಿ ರಕ್ತಗೆಂಪಾಗಿ ಕಾಣುತ್ತದೆ. ಮೊದಲ ಸಲ ನೋಡಿದಾಗ ನಾವು ಹೊಲಕ್ಕೆ ಬೆಂಕಿ ಬಿದ್ದಿದೆಯೆಂದೇ ತಿಳಿದಿದ್ದೆವು.

ಇನ್ನು, ಒಂದು ಹೊಲವನ್ನು ಬೇರೆಯಾಗಿ ಗುರುತಿಸಲು ಆಗುತ್ತದೆಯೆ? ಚಿತ್ರವೆಂದರೆ ಚುಕ್ಕಿಗಳ ಸಾಲು. ಭಾಸ್ಕರನ ಒಂದು ಚುಕ್ಕಿಗೆ ಒಂದು ಚದರ ಕಿಲೋಮೀಟರು, ಅಂದರೆ 247 ಎಕರೆ. ಐ.ಆರ್.ಎಸ್.-1ಎ ಉಪಗ್ರಹದ ಒಂದು ಕ್ಯಾಮೆರಾದ ಚುಕ್ಕಿ 72.5 ಮೀಟರು, ಅಂದರೆ ಒಂದೆಕರೆ ಹನ್ನೆರಡು ಗುಂಟೆ. ರಿಸೋರ್ಸ್‌ಸ್ಯಾಟಿನ ಒಂದು ಕ್ಯಾಮೆರಾದ್ದು 23.5 ಮೀಟರು. ಒಂಬತ್ತನೆಯ ತರಗತಿಯ ಹುಡುಗರು ಹಗ್ಗ ಹಿಡಿದು, ಅಷ್ಟು ಉದ್ದಗಲದ ಚೌಕವನ್ನು ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಎಳೆದರು. ಐದೂವರೆ ಗುಂಟೆ ಆಯಿತು. ಅದರೊಳಗೆ ಒಂದು ಬೇವಿನ ಗಿಡ, ನೀರಿನ ಟಾಕಿ, ಸೈಕಲ್ಲು ನಿಲ್ಲಿಸುವ ಜಾಗ ಮತ್ತು ಖೊಖೊ ಅಂಗಳದ ಒಂದು ತುಂಡು ಸಿಕ್ಕವು. "ಇಷ್ಟೆಲ್ಲಾ ಸೇರಿ ಒಂದೇ ಬಣ್ಣೇನ್ರಿ ಸರ?" ಎಂದು ಒಬ್ಬ ಕೇಳಿದ. ಹೌದು, ಒಂದೇ ಬಣ್ಣ. ಇಡೀ ಜಿಲ್ಲೆಯನ್ನು ಐದು ದಿನಕ್ಕೊಮ್ಮೆ ನೋಡಬಲ್ಲ ಇನ್ನೊಂದು ಕ್ಯಾಮೆರಾ 740 ಕಿಲೋಮೀಟರು ಅಗಲವನ್ನು ಒಮ್ಮೆಗೇ ಹಿಡಿಯುತ್ತದೆ. ಅದರ ಚುಕ್ಕಿ 31 ಗುಂಟೆ.

ತೊಡಕು ಇರುವುದು ಇಲ್ಲಿಯೇ. ನಮ್ಮಲ್ಲಿ ತುಂಡು ಹೊಲಗಳೇ ಹೆಚ್ಚು. ಒಂದು ಕಡೆ ಕೊಳವೆ ಬಾವಿಯ ನೀರುಂಡ ಕಬ್ಬು, ಅದರ ಬದುವಿಗೆ ಮಳೆಯನ್ನೇ ನಂಬಿದ ತೊಗರಿ, ಹಳ್ಳದ ದಂಡೆಗೆ ಯಾವ ಬರಕ್ಕೂ ಬಾಡದ ಜಾಲಿ. ಮೂರೂ ಒಂದು ಚುಕ್ಕಿಯಲ್ಲಿ ಸೇರಿದರೆ ಕಬ್ಬಿನ ಹಸಿರು ತೊಗರಿಯ ಒಣಗನ್ನು ಮುಚ್ಚಿಬಿಡುತ್ತದೆ. ಉಪಗ್ರಹ ಅಳೆಯುವುದು ಬೆಳಕನ್ನು. ಅದು ಜೋಳವೋ ಜಾಲಿಯೋ ಎಂದು ಮೊದಲು ಯಾರಾದರೂ ಹೊಲದಲ್ಲಿ ನಿಂತು ಹೇಳಬೇಕು.

ಎರಡನೆಯ ತೊಡಕು ಮೋಡ. ಹಿಂಗಾರಿ ಮಾಲದಂಡಿ ಜೋಳ ಡಿಸೆಂಬರಿನ ತಿಳಿಯಾದ ಆಕಾಶದ ಕೆಳಗೆ ನಿಲ್ಲುವುದರಿಂದ ಅದನ್ನು ನೋಡುವುದು ಸುಲಭ. ಮುಂಗಾರಿಯ ಉದ್ದು, ಹೆಸರು ಹಾಗಲ್ಲ. ಮಳೆ ಸುರಿಸದ ಮೋಡ ಕೂಡ ಕ್ಯಾಮೆರಾಕ್ಕೆ ಪರದೆಯೇ. ಇದಕ್ಕಾಗಿ ಮೋಡವನ್ನು ಹಾಯ್ದು ಬರುವ ರೇಡಾರಿನ ಉಪಗ್ರಹಗಳು ಬಂದವು: 2012ರಲ್ಲಿ ರೈಸ್ಯಾಟ್-1, 2025ರ ಜುಲೈ 30ರಂದು ಭಾರತ ಮತ್ತು ಅಮೇರಿಕೆ ಕೂಡಿ ಹಾರಿಸಿದ ನೈಸಾರ್. ಮಣ್ಣಿನ ಹಸಿಯನ್ನು ತಿಳಿಯಲೂ ರೇಡಾರು ನೆರವಾಗುತ್ತದೆ.

ಬರ ಘೋಷಣೆಗೆ ಇದೆಲ್ಲದರ ಸಂಬಂಧವನ್ನು ಕೇಂದ್ರ ಸರಕಾರದ 2016ರ ಕೈಪಿಡಿ ಹೇಳುತ್ತದೆ. ಮೊದಲು ಮಳೆಯ ಲೆಕ್ಕ. ಅದು ಕೊರತೆ ತೋರಿಸಿದರೆ ಬಿತ್ತನೆ, ಉಪಗ್ರಹದ ಹಸಿರಿನ ಅಂಕಿ, ಮಣ್ಣಿನ ಹಸಿ, ಕೆರೆ-ಬಾವಿಗಳ ನೀರು. ಕೊನೆಗೆ ತಾಲೂಕಿನ ನೂರಕ್ಕೆ ಹತ್ತು ಹಳ್ಳಿಗಳನ್ನು ಆರಿಸಿ ಹೊಲಕ್ಕೆ ಹೋಗಿ ನೋಡುವುದು. ಮಹಾರಾಷ್ಟ್ರದಲ್ಲಿ ಹೀಗೆ 2018ರ ಅಕ್ಟೋಬರ್ 31ರಂದು 151 ತಾಲೂಕುಗಳು ಪಟ್ಟಿಗೆ ಬಂದವು. 2023ರ ಅಕ್ಟೋಬರ್ 31ರಂದು 40 ಬಂದವು. ನಮ್ಮ ಜಿಲ್ಲೆಯ ಬಾರ್ಶಿ, ಕರಮಾಳಾ, ಮಾಢಾ, ಮಾಳಶಿರಸ, ಸಾಂಗೋಲಾ ಅದರಲ್ಲಿದ್ದವು, ಅಕ್ಕಲಕೋಟ ಇರಲಿಲ್ಲ. ಅದೇ ವರ್ಷ ಕರ್ನಾಟಕ ತನ್ನ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿತು. ಉಪಗ್ರಹದ ಚಿತ್ರದಲ್ಲಿ ಭೀಮಾ ನದಿ ಒಂದು ಕಪ್ಪು ಗೆರೆ ಮಾತ್ರ; ಎರಡೂ ದಂಡೆಯ ಎರಿ ಹೊಲಗಳಿಗೆ ಅಲ್ಲಿ ಒಂದೇ ಬಣ್ಣ. ಹೊಲಕ್ಕೆ ಹೋಗಿ ನೋಡುವ ಆ ಕೊನೆಯ ಹೆಜ್ಜೆ ನಮ್ಮ ಮನೆಗಳ ಮಟ್ಟಿಗೆ ಎಷ್ಟು ದೊಡ್ಡದೆಂದು ಪಾಲಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಪರೀಕ್ಷೆಯ ಫೀ ಮಾಫಿ, ಸಾಲದ ವಸೂಲಿಗೆ ತಡೆ. ಆದ್ದರಿಂದ ತಪಾಸಣೆಗೆ ಬಂದವರು ಬದುವಿನ ಮೇಲೆ ನಿಂತು ಫೋಟೊ ತೆಗೆದು ಹೊರಟರೆ, ನಡುಹೊಲಕ್ಕೆ ಬನ್ನಿರೆಂದು ಗೌರವದಿಂದಲೇ ಕರೆಯಿರಿ. ಸಾತಬಾರಾ ಉತಾರೆಯಲ್ಲಿ ಬೆಳೆಯ ಹೆಸರು ಸರಿಯಾಗಿ ಬರೆದಿದೆಯೆ ಎಂದೂ ನೋಡಿಕೊಳ್ಳಿರಿ.

ಈ ಸಲ ಹಿಂಗಾರಿ ಜೋಳ ಮೊಣಕಾಲುದ್ದ ಬಂದಾಗ, ಪ್ರಶ್ನೆ ಕೇಳಿದ ಆ ಪಾಲಕರ ಹೊಲಕ್ಕೆ ಒಂಬತ್ತನೆಯ ತರಗತಿಯವರನ್ನು ಕರೆದೊಯ್ಯಲಿದ್ದೇವೆ. 23.5 ಮೀಟರಿನ ಹಗ್ಗ ಶಾಲೆಯಲ್ಲಿ ಸುತ್ತಿಟ್ಟಿದೆ. ಒಂದು ಚೌಕದಲ್ಲಿ ಜೋಳವೆಷ್ಟು, ಬರಿಯ ನೆಲವೆಷ್ಟು, ಕಳೆಯೆಷ್ಟು ಎಂದು ಬರೆದುಕೊಂಡು ಬಂದು, ಇಸ್ರೋ ಸಂಸ್ಥೆ 2009ರಲ್ಲಿ ಆರಂಭಿಸಿದ ಭುವನ್ ನಕಾಶೆಯಲ್ಲಿ ಅದೇ ಹೊಲವನ್ನು ಹುಡುಕಿ ನೋಡುತ್ತೇವೆ. ಬರುವವರು ಬುತ್ತಿ ತರಬೇಕು; ನೀರು ಆ ಹೊಲದ ಬಾವಿಯಲ್ಲಿದೆ.