ಹಾಡುಗಳ ಎಣಿಕೆಯೂ ಗಾಯಕರ ಕೀರ್ತಿಯೂ

ಹಿಂದೀ ಚಲಚ್ಚಿತ್ರಗಳ ಹಿನ್ನೆಲೆ ಗಾಯಕರಲ್ಲಿ ಲತಾ ಮಂಗೇಶ್ಕರ್ (೧೯೨೯–೨೦೨೨) ಮತ್ತು ಮಹಮ್ಮದ್ ರಫಿ (೧೯೨೪–೧೯೮೦) ಇವರ ಹೆಸರನ್ನು ಕೇಳದವರು ನಮ್ಮ ದೇಶದಲ್ಲಿ ವಿರಳ. ಇವರಿಬ್ಬರಲ್ಲಿ ಹೆಚ್ಚು ಹಾಡುಗಳನ್ನು ಹಾಡಿದವರು ಯಾರು, ಆ ಕಾರಣದಿಂದ ಹೆಚ್ಚಿನವರೆನಿಸತಕ್ಕವರು ಯಾರು ಎಂಬ ವಾದವು ಇವರ ಅಭಿಮಾನಿಗಳಲ್ಲಿ ಅರ್ಧ ಶತಮಾನದಿಂದ ನಡೆದುಬಂದಿದೆ. ಇಬ್ಬರೂ ಕಾಲವಶರಾದ ಮೇಲೆಯೂ ಅದು ನಿಂತಿಲ್ಲ. ಇಂತಹ ವಾದಕ್ಕೆ ವಿದ್ವತ್ಪತ್ರಿಕೆಯಲ್ಲಿ ಸ್ಥಳವೇಕೆಂದು ಕೆಲವರು ಕೇಳಬಹುದು. ಆದರೆ ಲಕ್ಷಾಂತರ ಜನರು ನಂಬಿಕೊಂಡು ಬಂದಿರುವ ಒಂದು ಸಂಖ್ಯೆ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಹೇಗೆ ಬಿದ್ದುಹೋಯಿತು ಎಂಬುದನ್ನು ಆಧಾರಗಳಿಂದ ವಿಚಾರಿಸುವುದು ಇತಿಹಾಸದ ಕೆಲಸವೇ ಸರಿ. ಅದೂ ಅಲ್ಲದೆ, ಈ ಸಂಖ್ಯೆಯಿಂದ ಬೇರೆ ಕೆಲವು ಗಾಯಕರಿಗೆ ಅನ್ಯಾಯವಾಗಿದೆ. ಅದನ್ನು ತೋರಿಸುವುದೇ ಈ ಲೇಖನದ ಮುಖ್ಯೋದ್ದೇಶ.

೧. ವಿವಾದದ ಚರಿತ್ರೆ

ಗಿನ್ನೆಸ್ ದಾಖಲೆಗಳ ಪುಸ್ತಕದ ೧೯೭೪ನೆಯ ಆವೃತ್ತಿಯಲ್ಲಿ ಲತಾ ಅವರು ೧೯೪೮ರಿಂದ ೧೯೭೪ರವರೆಗೆ ೨೦ ಭಾರತೀಯ ಭಾಷೆಗಳಲ್ಲಿ ೨೫,೦೦೦ಕ್ಕೆ ಕಡಮೆಯಿಲ್ಲದ ಹಾಡುಗಳನ್ನು ಹಾಡಿ ಧ್ವನಿಮುದ್ರಿಸಿರುವರೆಂದು ಅಚ್ಚಾಯಿತು. ೧೯೭೭ರಲ್ಲಿ ರಫಿಯವರು ಆ ಸಂಸ್ಥೆಗೆ ಕಾಗದ ಬರೆದು ಇದನ್ನು ಪ್ರಶ್ನಿಸಿದರು. ತಾವು ಅಲ್ಲಿಯವರೆಗೆ ೨೫ರಿಂದ ೨೬ ಸಾವಿರ ಹಾಡುಗಳನ್ನು ಹಾಡಿರುವುದಾಗಿ ಅವರು ಅದೇ ವರ್ಷ ಬಿ.ಬಿ.ಸಿ. ಸಂದರ್ಶನದಲ್ಲಿ ಹೇಳಿದರು. ೧೯೮೦ನೆಯ ಜುಲೈ ೩೧ರಂದು ಅವರು ತೀರಿಕೊಂಡರು. ೧೯೮೪ರ ಆವೃತ್ತಿಯು ಲತಾ ಅವರ ಹೆಸರನ್ನು ಹಾಗೆಯೇ ಉಳಿಸಿಕೊಂಡು, ರಫಿಯವರು ೧೯೪೪ರಿಂದ ೧೯೮೦ರ ಏಪ್ರಿಲ್‌ವರೆಗೆ ೧೧ ಭಾಷೆಗಳಲ್ಲಿ ೨೮,೦೦೦ ಹಾಡುಗಳನ್ನು ಹಾಡಿದುದಾಗಿ ಹೇಳಿಕೊಂಡಿದ್ದರೆಂಬ ಮಾತನ್ನೂ ಸೇರಿಸಿತು. ಮುಂದೆ ಲತಾ ಅವರ ಸಂಖ್ಯೆ ೩೦,೦೦೦ಕ್ಕೆ ಏರಿತು. ಕೊನೆಗೆ ೧೯೯೧ರಲ್ಲಿ ಇಬ್ಬರ ಉಲ್ಲೇಖಗಳನ್ನೂ ತೆಗೆದುಹಾಕಿದರು. ತಾವು ಹಾಡುಗಳ ಲೆಕ್ಕವಿಟ್ಟವರಲ್ಲವೆಂದೂ ಆ ಸಂಖ್ಯೆ ಪುಸ್ತಕದವರಿಗೆ ಎಲ್ಲಿಂದ ದೊರೆಯಿತೋ ತಮಗೆ ತಿಳಿಯದೆಂದೂ ಲತಾ ಅವರೇ ಹೇಳಿರುವರು.

ಪುಸ್ತಕದವರು ತೆಗೆದುಹಾಕಿದ ಸಂಖ್ಯೆಯನ್ನು ಜನರು ತೆಗೆದುಹಾಕಲಿಲ್ಲ. ೧೯೯೧ರ ತರುವಾಯವೂ ಪತ್ರಿಕೆಗಳಲ್ಲಿಯೂ ಸಭೆಗಳ ಭಾಷಣಗಳಲ್ಲಿಯೂ ಅದೇ ೨೫,೦೦೦, ೩೦,೦೦೦ಗಳು ಮರಳಿ ಮರಳಿ ಬಂದಿವೆ. ಒಂದು ಪಕ್ಷದವರು ಇದನ್ನು ಎತ್ತಿದೊಡನೆ ಇನ್ನೊಂದು ಪಕ್ಷದವರು ೨೮,೦೦೦ವನ್ನು ಮುಂದಿಡುವರು. ಎರಡರಲ್ಲಿ ಯಾವುದನ್ನೂ ಎಣಿಸಿ ನೋಡಿದವರಿಲ್ಲ.

೨. ಸಂಖ್ಯೆಯ ಪರೀಕ್ಷೆ

ಈಗ ಗಣಿತದಿಂದ ಪರೀಕ್ಷಿಸೋಣ. ೧೯೪೮ರಿಂದ ೧೯೭೪ರವರೆಗೆ, ಎರಡೂ ವರ್ಷಗಳನ್ನು ಸೇರಿಸಿಕೊಂಡರೆ, ೨೭ ವರ್ಷಗಳು. ೨೫,೦೦೦ ಹಾಡುಗಳನ್ನು ಇವುಗಳಿಗೆ ಹಂಚಿದರೆ ವರ್ಷಕ್ಕೆ ಸುಮಾರು ೯೨೬ ಹಾಡುಗಳಾಗುತ್ತವೆ. ಎಂದರೆ ಹಬ್ಬ, ಕಾಯಿಲೆ, ಪ್ರಯಾಣಗಳೊಂದನ್ನೂ ಕಳೆಯದೆ ದಿನಕ್ಕೆ ಎರಡೂವರೆ. ಒಬ್ಬ ಗಾಯಕಿ ಒಂದು ದಿನದಲ್ಲಿ ಎರಡು ಮೂರು ಹಾಡುಗಳನ್ನು ಹಾಡುವುದು ಅಸಾಧ್ಯವೇನೂ ಅಲ್ಲ. ಆದುದರಿಂದ ಅಭಿಮಾನಿಗಳು ಇಲ್ಲಿಗೇ ನಿಂತು ತೃಪ್ತರಾಗುವರು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಅಷ್ಟು ಹಾಡುಗಳು ಹುಟ್ಟಿದುವೇ?

ಆ ಕಾಲದಲ್ಲಿ ಹಿಂದೀ ಚಿತ್ರಗಳು ವರ್ಷಕ್ಕೆ ಸುಮಾರು ನೂರರಿಂದ ನೂರಿಪ್ಪತ್ತೈದರವರೆಗೆ ತಯಾರಾಗುತ್ತಿದ್ದುವು. ಒಂದು ಚಿತ್ರದಲ್ಲಿ ಸಾಮಾನ್ಯವಾಗಿ ಆರರಿಂದ ಹತ್ತು ಹಾಡುಗಳು. ಮಧ್ಯಮ ಪ್ರಮಾಣವಾಗಿ ೧೨೦ ಚಿತ್ರಗಳನ್ನೂ ಚಿತ್ರಕ್ಕೆ ೮ ಹಾಡುಗಳನ್ನೂ ಇಟ್ಟುಕೊಂಡರೆ ವರ್ಷಕ್ಕೆ ೯೬೦ ಹಾಡುಗಳಾದುವು. ೨೭ ವರ್ಷಗಳಿಗೆ ೨೫,೯೨೦. ಎಂದರೆ ಆ ಅವಧಿಯ ಹಿಂದೀ ಚಿತ್ರಗೀತೆಗಳ ಸಮಗ್ರ ಮೊತ್ತವೇ ಲತಾ ಅವರೊಬ್ಬರ ಪಾಲಿಗೆ ಬಂದ ಸಂಖ್ಯೆಗೆ ಬಹುಮಟ್ಟಿಗೆ ಸಮನಾಗಿದೆ. ಇದರಲ್ಲಿ ಗಂಡುಕಂಠವೊಂದೇ ಕೇಳಿಸುವ ಹಾಡುಗಳನ್ನು ಕಳೆಯಬೇಕು. ಬೇರೆ ಗಾಯಕಿಯರು ಹಾಡಿದುವನ್ನೂ ಕಳೆಯಬೇಕು. ಕಳೆದ ಮೇಲೆ ಉಳಿಯುವುದು ಈ ಮೊತ್ತದ ಒಂದು ಅಂಶ ಮಾತ್ರ.

ಇತರ ಭಾಷೆಗಳಿಂದ ಕೊರತೆ ತುಂಬಬಹುದೆಂದು ಹೇಳುವವರುಂಟು. ಮರಾಠಿ, ಬಂಗಾಳಿಗಳಲ್ಲಿ ಲತಾ ಅವರ ಹಾಡುಗಳು ನೂರುಗಳ ಲೆಕ್ಕದವು, ಸಾವಿರಗಳವಲ್ಲ. ಉಳಿದ ಬಹು ಭಾಷೆಗಳಲ್ಲಿ ಬೆರಳೆಣಿಕೆಯವು. ನಮ್ಮ ಕನ್ನಡವನ್ನೇ ತೆಗೆದುಕೊಂಡರೆ, ಅವರ ಕಂಠ ಕೇಳಿಬಂದುದು ೧೯೬೭ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರದಲ್ಲಿ. ಅದೇ ವರ್ಷದ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ರಫಿಯವರು ಒಂದು ಹಾಡನ್ನು ಹಾಡಿದರು. ‘ಇಷ್ಟು ಭಾಷೆಗಳಲ್ಲಿ’ ಎಂಬ ಮಾತು ಕಿವಿಗೆ ದೊಡ್ಡದಾಗಿ ಕೇಳಿಸಿದರೂ, ಮೊತ್ತಕ್ಕೆ ಅದು ಕೂಡಿಸುವುದು ಅತ್ಯಲ್ಪವೆಂಬುದಕ್ಕೆ ಕನ್ನಡವೇ ಸಾಕ್ಷಿ. ರಫಿಯವರ ೨೮,೦೦೦ಕ್ಕೂ ಇದೇ ನ್ಯಾಯ: ೩೬ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸುಮಾರು ೭೭೮ ಹಾಡುಗಳು. ಇಬ್ಬರ ಹೇಳಿಕೆಗಳನ್ನೂ ಒಟ್ಟಿಗೆ ನಂಬುವುದಾದರೆ ಅಂದಿನ ಚಿತ್ರಗಳ ಸಂಖ್ಯೆಯನ್ನೇ ಹೆಚ್ಚಿಸಬೇಕಾಗುತ್ತದೆ.

ಹಾಗಾದರೆ ನಿಜವಾದ ಸಂಖ್ಯೆ ಎಷ್ಟು? ಇದಕ್ಕೆ ಉತ್ತರ ಕೊಟ್ಟವರು ಪಕ್ಷವಾದಿಗಳಲ್ಲ, ತಾಳ್ಮೆಯಿಂದ ಪಟ್ಟಿ ಮಾಡಿದವರು. ಕಾನ್ಪುರದ ಹರಮಂದಿರ್ ಸಿಂಗ್ ‘ಹಮ್‌ರಾಜ್’ ಅವರು ‘ಹಿಂದೀ ಫಿಲ್ಮ್ ಗೀತ್ ಕೋಶ’ವೆಂಬ ಹಲವು ಸಂಪುಟಗಳಲ್ಲಿ ೧೯೩೧ರಿಂದ ತೊಡಗಿ ದಶಕ ದಶಕವಾಗಿ ಚಿತ್ರಗೀತೆಗಳನ್ನು ಸಂಗ್ರಹಿಸಿದರು. ವಿಶ್ವಾಸ್ ನೇರೂರ್ಕರ್ ಅವರು ಲತಾ ಅವರ ಹಾಡುಗಳನ್ನೇ ಪ್ರತ್ಯೇಕವಾಗಿ ಪಟ್ಟಿ ಮಾಡಿದರು. ಇಂತಹ ಪರಿಶ್ರಮಗಳ ಫಲವಾಗಿ, ಲತಾ ಅವರ ಹಿಂದೀ ಚಿತ್ರಗೀತೆಗಳೂ ರಫಿಯವರ ಹಿಂದೀ ಚಿತ್ರಗೀತೆಗಳೂ ಐದೈದು ಸಾವಿರದ ಆಸುಪಾಸಿನವೆಂದು ತಿಳಿದುಬಂದಿದೆ. ೨೫,೦೦೦ವೆಂಬುದು ಇದರ ಐದು ಮಡಿ.

೩. ‘ಒಂದು ಹಾಡು’ ಎಂದರೇನು

ಎಣಿಕೆ ಇಷ್ಟು ತಪ್ಪುವುದಕ್ಕೆ ಅಭಿಮಾನವೊಂದೇ ಕಾರಣವಲ್ಲ. ಎಣಿಸಬೇಕಾದ ವಸ್ತುವೇ ಸ್ಪಷ್ಟವಾಗಿಲ್ಲ. ಚಿತ್ರದಲ್ಲಿ ಸಂತೋಷವಾಗಿಯೂ ದುಃಖವಾಗಿಯೂ ಎರಡು ಬಾರಿ ಬರುವ ಹಾಡು ಒಂದೋ ಎರಡೋ? ಗ್ರಾಮಫೋನ್ ತಟ್ಟೆಯ ಎರಡು ಮಗ್ಗುಲಿಗೂ ಹರಡಿದ ದೀರ್ಘವಾದ ಹಾಡನ್ನು ಹೇಗೆ ಲೆಕ್ಕಿಸಬೇಕು? ಇಬ್ಬರು ಹಾಡಿದ ಯುಗಳಗೀತೆ ಇಬ್ಬರ ಲೆಕ್ಕಕ್ಕೂ ಪೂರ್ತಿಯಾಗಿ ಸೇರಬೇಕೇ? ಧ್ವನಿಮುದ್ರಿತವಾಗಿ ಬಿಡುಗಡೆಯಾಗದೆ ಉಳಿದುವನ್ನು ಸೇರಿಸಬೇಕೇ ಬಿಡಬೇಕೇ? ಇವುಗಳನ್ನು ಮೊದಲು ನಿರ್ಣಯಿಸದೆ ಮಾಡಿದ ಯಾವ ಎಣಿಕೆಯೂ ಇನ್ನೊಂದರೊಡನೆ ಹೋಲಿಸಲು ಬರುವುದಿಲ್ಲ.

ಮೂಲಾಧಾರಗಳ ಸ್ಥಿತಿಯೂ ಹಾಗೆಯೇ. ಮೊದಮೊದಲು ತಟ್ಟೆಗಳ ಮೇಲೆ ಹಿನ್ನೆಲೆ ಗಾಯಕರ ಹೆಸರನ್ನು ಅಚ್ಚುಮಾಡುವ ಕ್ರಮ ಸ್ಥಿರವಾಗಿರಲಿಲ್ಲ. ೧೯೪೯ರ ‘ಮಹಲ್’ ಚಿತ್ರದ ಪ್ರಸಿದ್ಧವಾದ ಹಾಡಿನ ಮೊದಲ ತಟ್ಟೆಗಳ ಮೇಲಿದ್ದುದು ‘ಕಾಮಿನಿ’ ಎಂಬ ಪಾತ್ರದ ಹೆಸರು, ಲತಾ ಅವರದಲ್ಲ. ಇಂತಹ ಕಡೆ ಸಂಶೋಧಕನು ಚಿತ್ರದ ಜೊತೆಗೆ ಮಾರುತ್ತಿದ್ದ ಹಾಡಿನ ಪುಸ್ತಕ, ತಟ್ಟೆಯ ಕ್ರಮಾಂಕ, ಕಂಠಪರಿಚಯ ಇವುಗಳನ್ನು ತೂಗಿ ನೋಡಿ ನಿರ್ಣಯಿಸಬೇಕಾಗುತ್ತದೆ. ಕರ್ತೃವಿನ ಹೆಸರಿಲ್ಲದ ಹಸ್ತಪ್ರತಿಯ ವಿಷಯದಲ್ಲಿ ನಾವು ಮಾಡುವುದೂ ಇದನ್ನೇ.

೪. ದಕ್ಷಿಣದ ಉದಾಹರಣೆಗಳು

ದಕ್ಷಿಣದಲ್ಲಿಯೂ ಇದೇ ವಾದವು ಬೇರೆ ಹೆಸರುಗಳಿಂದ ನಡೆಯುತ್ತದೆ. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು (೧೯೪೬–೨೦೨೦) ೪೦,೦೦೦ ಹಾಡುಗಳನ್ನು ಹಾಡಿದರೆಂದು ಎಲ್ಲೆಡೆಯೂ ಬರೆಯುವರು. ೧೯೮೧ನೆಯ ಫೆಬ್ರವರಿ ೮ರಂದು ಅವರು ಉಪೇಂದ್ರಕುಮಾರ್ ಅವರ ಸಂಗೀತ ನಿರ್ದೇಶನದಲ್ಲಿ ಒಂದೇ ದಿನ ೨೧ ಕನ್ನಡ ಹಾಡುಗಳನ್ನು ಹಾಡಿದರೆಂಬುದು ನಮ್ಮಲ್ಲಿ ಪ್ರಸಿದ್ಧವಾಗಿದೆ. ದಕ್ಷಿಣದ ನಾಲ್ಕು ಭಾಷೆಗಳ ಚಿತ್ರಗಳಿಗೂ ಅವರು ದುಡಿದುದರಿಂದ, ಹಿಂದೀ ಗಾಯಕರಿಗೆ ಹೇಳಿದ ಆಕ್ಷೇಪವು ಇಲ್ಲಿ ಅಷ್ಟು ಬಲವಾಗಿ ತಗಲುವುದಿಲ್ಲ. ಆದರೆ ಒಂದು ದಿನದ ಸಾಹಸವನ್ನು ಐವತ್ತು ವರ್ಷಗಳಿಗೆ ಗುಣಿಸಲಾಗದು. ಪಟ್ಟಿಯಿಲ್ಲದೆ ಸಂಖ್ಯೆ ಸಿದ್ಧವಾಗುವುದೂ ಇಲ್ಲ. ಇದಕ್ಕೆ ಪ್ರತಿಯಾಗಿ, ೨೦೧೬ರಲ್ಲಿ ಗಿನ್ನೆಸ್ ಸಂಸ್ಥೆಯು ಪಿ. ಸುಶೀಲಾ ಅವರಿಗೆ ಮಾನ್ಯಮಾಡಿದುದು ೧೭,೬೯೫ ಹಾಡುಗಳನ್ನು. ೨೦೧೧ರಲ್ಲಿ ಆಶಾ ಭೋಸ್ಲೆ ಅವರಿಗೆ ಮಾನ್ಯಮಾಡಿದುದು ಸುಮಾರು ೧೧,೦೦೦ವನ್ನು. ಒಬ್ಬೊಬ್ಬರಿಗೂ ಮೂವತ್ತು ನಲವತ್ತು ಸಾವಿರಗಳನ್ನು ಕೇಳಿ ಅಭ್ಯಾಸವಾದವರಿಗೆ ಈ ಸಂಖ್ಯೆಗಳು ಸಣ್ಣವಾಗಿ ತೋರಿದುವು. ೧೭,೬೯೫ ಎಂಬ ಸಂಖ್ಯೆ ಎಣಿಸಿದವರು ಇದ್ದರೆಂಬುದನ್ನು ತಾನೇ ಹೇಳುತ್ತದೆ. ಸೊನ್ನೆಗಳಲ್ಲಿ ಮುಗಿಯುವ ಸಂಖ್ಯೆಗಳು ಹಾಗೆ ಹೇಳುವುದಿಲ್ಲ.

ಇದು ನಮಗೆ ಹೊಸದಲ್ಲ. ಪುರಂದರದಾಸರು ೪,೭೫,೦೦೦ ಪದಗಳನ್ನು ರಚಿಸಿದರೆಂದು ಸಂಪ್ರದಾಯವುಂಟು. ದಾಸರ ಆಯುಸ್ಸು ಎಂಬತ್ತು ವರ್ಷವೆಂದಿಟ್ಟುಕೊಂಡು ಹುಟ್ಟಿದ ದಿನದಿಂದಲೇ ಲೆಕ್ಕ ಹಿಡಿದರೂ ದಿನಕ್ಕೆ ಹದಿನಾರು ಪದಗಳಾಗುತ್ತವೆ. ಅದನ್ನು ಯಾರೂ ಲೆಕ್ಕಪತ್ರವೆಂದು ಓದುವುದಿಲ್ಲ. ಎಣಿಸಲಾರದಷ್ಟು ಎಂಬ ಭಕ್ತಿಯನ್ನು ಅದು ಸಂಖ್ಯೆಯ ರೂಪದಲ್ಲಿ ಹೇಳುತ್ತದೆ. ಚಿತ್ರಗಾಯಕರ ಸಾವಿರಗಳೂ ಹುಟ್ಟಿನಲ್ಲಿ ಈ ಜಾತಿಯವೇ ಎಂದು ತೋರುತ್ತದೆ. ಪರದೇಶದ ದಾಖಲೆ ಪುಸ್ತಕವೊಂದು ಅದನ್ನು ಲೆಕ್ಕಪತ್ರವೆಂದು ತಿಳಿದು ಅಚ್ಚುಹಾಕಿದಂದಿನಿಂದ ಜಗಳ ಮೊದಲಾಯಿತು.

೫. ಕೀರ್ತಿಯ ಇತರ ಅಳತೆಗಳು

ಸಂಖ್ಯೆ ಸೋತಾಗ ಅಭಿಮಾನಿಗಳು ಬೇರೆ ಅಳತೆಗಳನ್ನು ಹಿಡಿಯುವರು. ಒಂದು ಪ್ರಶಸ್ತಿಗಳದು. ಲತಾ ಅವರಿಗೆ ೧೯೮೯ರಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ೨೦೦೧ರಲ್ಲಿ ಭಾರತರತ್ನವೂ ದೊರೆತುವು. ರಫಿಯವರಿಗೆ ದೊರೆತುದು ೧೯೬೭ರ ಪದ್ಮಶ್ರೀ. ಆದರೆ ಒಬ್ಬರು ಐವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡವರು, ಇನ್ನೊಬ್ಬರು ತೊಂಬತ್ತೆರಡರವರೆಗೆ ಬದುಕಿದವರು. ಹಿರಿಯ ಗೌರವಗಳು ಹೆಚ್ಚಾಗಿ ಇಳಿವಯಸ್ಸಿನಲ್ಲಿ ಬರುವುದರಿಂದ ಈ ಹೋಲಿಕೆ ಸಮವಲ್ಲ. ಇನ್ನೊಂದು ಅಳತೆ ಅವನತಿಯದು. ೧೯೬೯ರ ‘ಆರಾಧನಾ’ ಚಿತ್ರದಿಂದ ಕಿಶೋರ್ ಕುಮಾರ್ ಅವರ ಕೀರ್ತಿ ಏರಿದೊಡನೆ ರಫಿಯವರದು ಮುಗಿಯಿತೆನ್ನುವರು. ಅವರಿಗೆ ಅವಕಾಶಗಳು ತಗ್ಗಿದುದು ನಿಜ. ಆದರೆ ರಾಷ್ಟ್ರಪ್ರಶಸ್ತಿ ಅವರಿಗೆ ಬಂದುದು ೧೯೭೭ರ ‘ಹಮ್ ಕಿಸೀಸೆ ಕಮ್ ನಹೀಂ’ ಚಿತ್ರದ ಹಾಡಿಗೆ. ಮೂರನೆಯದು ಅನಿವಾರ್ಯತೆಯದು: ಲತಾ ಅವರಿಲ್ಲದೆ ಸಂಗೀತ ನಿರ್ದೇಶಕನು ಗೆಲ್ಲಲಾರನೆಂಬ ಮಾತು. ಓ. ಪಿ. ನಯ್ಯರ್ ಅವರು ಒಂದು ಹಾಡನ್ನೂ ಅವರಿಂದ ಹಾಡಿಸದೆ ಗೆದ್ದುದು ಇದಕ್ಕೆ ಸಾಕಾದ ಉತ್ತರ.

ಈ ಇಬ್ಬರ ನಡುವೆ ನಿಜವಾಗಿ ನಡೆದ ಭಿನ್ನಾಭಿಪ್ರಾಯವೊಂದುಂಟು. ಅದು ಎಣಿಕೆಗಿಂತ ಗುರುತರವಾದುದು. ೧೯೬೦ರ ದಶಕದಲ್ಲಿ ಲತಾ ಅವರು ಹಾಡಿನ ರಾಯಲ್ಟಿಯಲ್ಲಿ ಗಾಯಕರಿಗೂ ಪಾಲು ಸಲ್ಲಬೇಕೆಂದು ಕೇಳಿದರು. ಸಂಭಾವನೆ ಪಡೆದ ಮೇಲೆ ಗಾಯಕನ ಹಕ್ಕು ತೀರಿತೆಂದು ರಫಿಯವರು ತಿಳಿದರು. ಕೆಲವು ವರ್ಷ ಇಬ್ಬರೂ ಜೊತೆಯಾಗಿ ಹಾಡಲಿಲ್ಲ. ಆ ಕಾಲದಲ್ಲಿ ರಫಿಯವರ ಬಹು ಯುಗಳಗೀತೆಗಳನ್ನು ಹಾಡಿದವರು ಸುಮನ್ ಕಲ್ಯಾಣಪುರ್. ಬಳಿಕ ಇಬ್ಬರೂ ಒಂದಾದರು. ೨೦೧೨ರ ಕೃತಿಸ್ವಾಮ್ಯ ತಿದ್ದುಪಡಿ ಶಾಸನವು ಕಲಾವಿದರಿಗೆ ರಾಯಲ್ಟಿಯ ಹಕ್ಕನ್ನು ಕೊಟ್ಟಿತು. ಲತಾ ಅವರು ಮುಂದಿನ ಗಾಯಕರಿಗೆ ಬಿಟ್ಟುಹೋದ ಆಸ್ತಿಯಲ್ಲಿ ಈ ಬೇಡಿಕೆಯೂ ಸೇರುತ್ತದೆ. ಅಭಿಮಾನಿಗಳ ವಾದದಲ್ಲಿ ಇದರ ಪ್ರಸ್ತಾಪ ಬರುವುದು ಜಗಳದ ಕಥೆಯಾಗಿ ಮಾತ್ರ.

೬. ಉಪಸಂಹಾರ

ಉತ್ಪ್ರೇಕ್ಷೆಯಿಂದ ಯಾರಿಗೇನು ಹಾನಿಯೆಂದು ಕೇಳಬಹುದು. ಮೇಲಣ ಗಣಿತವೇ ಅದನ್ನು ಹೇಳುತ್ತದೆ. ಹಿಂದೀ ಚಿತ್ರಗೀತೆಗಳ ಮೊತ್ತ ಮಿತವಾದುದು. ಒಬ್ಬರ ಪಾಲನ್ನು ಐದು ಮಡಿ ಮಾಡಿದರೆ ಹೆಚ್ಚಿದ ಭಾಗವು ಇತರರ ಪಾಲಿನಿಂದಲೇ ಬರಬೇಕು. ಶಂಶಾದ್ ಬೇಗಂ, ಗೀತಾ ದತ್, ಸುಮನ್ ಕಲ್ಯಾಣಪುರ್, ಆಶಾ ಭೋಸ್ಲೆ ಇವರು ಹಾಡಿದ ಸಾವಿರಾರು ಹಾಡುಗಳಿಗೆ ೨೫,೦೦೦ದ ಲೆಕ್ಕದಲ್ಲಿ ಸ್ಥಳವಿಲ್ಲ. ಅವರ ಹಾಡನ್ನು ಕೇಳಿದ ಕೂಡಲೇ ‘ಇದು ಲತಾ ಅವರದು’ ಎನ್ನುವ ಅಭ್ಯಾಸಕ್ಕೆ ಈ ಸಂಖ್ಯೆ ಬೆಂಬಲವಾಗಿ ನಿಂತಿತು. ಐದು ಸಾವಿರ ಹಾಡುಗಳು ಒಬ್ಬ ಮನುಷ್ಯನ ಬಾಳಿಗೆ ಅದ್ಭುತವಾದ ಸಾಧನೆ. ಅದಕ್ಕೆ ಇತರರ ದುಡಿಮೆಯನ್ನು ಸೇರಿಸಬೇಕಾದ ಅಗತ್ಯವಿಲ್ಲ.

ಕನ್ನಡ ಚಿತ್ರಗೀತೆಗಳ ವಿಷಯದಲ್ಲಿಯೂ ನಾವು ಈಗಲೇ ಎಚ್ಚರ ವಹಿಸಬೇಕು. ೧೯೩೪ರ ‘ಸತಿ ಸುಲೋಚನಾ’ದಿಂದ ತೊಡಗಿ ತಟ್ಟೆಗಳು, ಹಾಡಿನ ಪುಸ್ತಕಗಳು, ಚಿತ್ರಗಳ ಪ್ರತಿಗಳು ಇವುಗಳಲ್ಲಿ ದೊರೆಯುವಷ್ಟನ್ನು ಒಟ್ಟುಗೂಡಿಸಿ, ಗಾಯಕ, ಕವಿ, ಸಂಗೀತ ನಿರ್ದೇಶಕ, ವರ್ಷ, ತಟ್ಟೆಯ ಕ್ರಮಾಂಕ ಇವುಗಳೊಡನೆ ಪಟ್ಟಿ ಮಾಡತಕ್ಕದ್ದು. ಒಂದು ಹಾಡೆಂದರೇನೆಂಬ ನಿಯಮವನ್ನು ಪಟ್ಟಿಯ ಮೊದಲ ಪುಟದಲ್ಲಿಯೇ ಬರೆದಿಡತಕ್ಕದ್ದು. ಹಾಗೆ ಮಾಡಿದರೆ ನಮ್ಮ ಗಾಯಕರ ಅಭಿಮಾನಿಗಳು ವಾದವನ್ನು ಬಿಡುವರೆಂದು ಹೇಳುವಂತಿಲ್ಲ. ಆದರೆ ಅವರು ಯಾವುದನ್ನು ಕುರಿತು ವಾದಿಸುತ್ತಿರುವರೆಂಬುದು ಅವರಿಗೂ ನಮಗೂ ತಿಳಿದಿರುವುದು. ಪಟ್ಟಿಯ ಯಾವುದೋ ಮೂಲೆಯಲ್ಲಿ ಒಂದೆರಡೇ ಹಾಡುಗಳನ್ನು ಹಾಡಿ ಮರೆಯಾದವರ ಹೆಸರೂ ಉಳಿಯುವುದು.