ತಾನೇ ಮುಚ್ಚಿಕೊಳ್ಳುವ ಕವಾಟವನ್ನು ಎಷ್ಟು ನಂಬಬಹುದು?

ಚಳಿದೇಶಗಳಲ್ಲಿ ರೈಲುಬೋಗಿಯನ್ನು ಬೆಚ್ಚಗಿಡುವ ಕೆಲಸ ಬಹಳ ಕಾಲ ಬೆಂಕಿಯ ಕೈಯಲ್ಲೇ ಇತ್ತು. 19ನೇ ಶತಮಾನದ ಅಮೆರಿಕದಲ್ಲಿ ಪ್ರಯಾಣಿಕರ ಬೋಗಿ ಎಂದರೆ ಮರದ ಪೆಟ್ಟಿಗೆ. ಅದರ ಮೂಲೆಯಲ್ಲಿ ಕಲ್ಲಿದ್ದಲೋ ಸೌದೆಯೋ ಉರಿಯುವ ಕಬ್ಬಿಣದ ಒಲೆ, ಚಾವಣಿಯಿಂದ ತೂಗುವ ಎಣ್ಣೆದೀಪ. ಬೋಗಿ ಉರುಳಿದರೆ ಒಲೆಯೂ ಉರುಳುತ್ತಿತ್ತು; ಪೆಟ್ಟಿನಿಂದ ಬದುಕಿ ಉಳಿದವರನ್ನು ಬೆಂಕಿ ಕೊಲ್ಲುತ್ತಿತ್ತು. 1867ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಬಳಿ ಹೀಗೇ ಆಯಿತು. 1876ರ ಡಿಸೆಂಬರ್ 29ರಂದು ಓಹಾಯೊದ ಆಷ್ಟಬ್ಯುಲಾದಲ್ಲಿ ಕಬ್ಬಿಣದ ಸೇತುವೆ ಕುಸಿದು ರೈಲು ಕಣಿವೆಗೆ ಬಿದ್ದಾಗ ಸತ್ತವರು ತೊಂಬತ್ತಕ್ಕೂ ಹೆಚ್ಚು. ಅವರಲ್ಲಿ ಅನೇಕರ ಗುರುತು ಹಿಡಿಯುವುದಕ್ಕೂ ಆಗದಷ್ಟು ಬೆಂಕಿ ಅವಶೇಷವನ್ನು ಸುಟ್ಟಿತ್ತು. 1882ರ ಜನವರಿಯಲ್ಲಿ ಸ್ಪೈಟನ್ ಡೈವಿಲ್‌ನ ಡಿಕ್ಕಿಯಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ವೆಬ್‌ಸ್ಟರ್ ವ್ಯಾಗ್ನರ್ ಕೂಡ ಒಬ್ಬ. ಆ ಕಾಲದ ಐಷಾರಾಮಿ ಬೋಗಿಗಳ ಹೆಸರಾಂತ ತಯಾರಕ ಅವನೇ. 1887ರ ಫೆಬ್ರವರಿಯಲ್ಲಿ ವರ್ಮಾಂಟ್‌ನ ವೈಟ್ ನದಿಯ ಸೇತುವೆಯಿಂದ ರೈಲೊಂದು ಬಿದ್ದು ಹೊತ್ತಿ ಉರಿದ ಮೇಲೆ ಜನರ ಸಹನೆ ಮುಗಿಯಿತು. ಬೋಗಿಯಲ್ಲಿ ಒಲೆ ಇಡಕೂಡದು ಎಂದು ನ್ಯೂಯಾರ್ಕ್ ಅದೇ ವರ್ಷ ಕಾನೂನು ಮಾಡಿತು. ಹಲವು ರಾಜ್ಯಗಳನ್ನು ಹಾದುಹೋಗುವ ರೈಲಿಗೆ ಒಂದು ರಾಜ್ಯ ಹೇಗೆ ಷರತ್ತು ಹಾಕುತ್ತದೆ ಎಂದು ರೈಲ್ವೆ ಕಂಪನಿಯೊಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1897ರಲ್ಲಿ ಕೋರ್ಟು ರಾಜ್ಯದ ಕಾನೂನನ್ನೇ ಎತ್ತಿಹಿಡಿಯಿತು.

ಒಲೆ ಹೋದ ಮೇಲೆ ಆ ಜಾಗಕ್ಕೆ ಬಂದದ್ದು ಉಗಿ. ಎಂಜಿನ್ನಿನ ಬಾಯ್ಲರಿನಲ್ಲಿ ಉಗಿ ಹೇಗೂ ಇದೆ. ಅದರಲ್ಲೊಂದು ಪಾಲನ್ನು ಒತ್ತಡ ತಗ್ಗಿಸಿ ರೈಲಿನ ಉದ್ದಕ್ಕೂ ನೆಲದಡಿಯ ಪೈಪಿನಲ್ಲಿ ಹರಿಸುವುದು, ಬೋಗಿಬೋಗಿಗೂ ಒಂದು ಕವಲು ತೆಗೆದು ಆಸನಗಳ ಕೆಳಗೆ ಸುತ್ತಿಸುವುದು. ಬೆಂಕಿ ಎಂಜಿನ್ನಿನಲ್ಲಿ, ಬಿಸಿ ಮಾತ್ರ ಬೋಗಿಯಲ್ಲಿ. ಈ ಏರ್ಪಾಡು ಬಂದೊಡನೆ ಅದರ ಬೆನ್ನಿಗೇ ಇನ್ನೊಂದು ಭಯವೂ ಬಂತು: ಅಪಘಾತದಲ್ಲಿ ಪೈಪು ಒಡೆದರೆ? ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ತಾಗಿದ ಹಬೆ ಕುದಿನೀರಿಗಿಂತ ಕೆಟ್ಟದಾಗಿ ಸುಡುವುದನ್ನು ಬಲ್ಲವರಿಗೆ ಈ ಭಯವನ್ನು ವಿವರಿಸಬೇಕಿಲ್ಲ. ಲೆಕ್ಕ ಹೀಗಿದೆ. ನೂರು ಡಿಗ್ರಿಯ ಒಂದು ಕಿಲೋ ನೀರು ಮೈಯ ಬಿಸಿಗೆ ಇಳಿಯುವಾಗ ಬಿಟ್ಟುಕೊಡುವುದು ಸುಮಾರು 63 ಕಿಲೋಕ್ಯಾಲರಿ. ಅದೇ ನೂರು ಡಿಗ್ರಿಯ ಒಂದು ಕಿಲೋ ಉಗಿ ಮೊದಲು ನೀರಾಗಬೇಕು, ಆ ಬದಲಾವಣೆಯೊಂದರಲ್ಲೇ 540 ಕಿಲೋಕ್ಯಾಲರಿ ಹೊರಬೀಳುತ್ತದೆ; ತಣಿಯುವ 63 ಆಮೇಲಿನದು. ಒಟ್ಟಿನಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚು. ಈ ಗುಪ್ತೋಷ್ಣವೇ ಉಗಿಯನ್ನು ಇಷ್ಟು ಒಳ್ಳೆಯ ಶಾಖವಾಹಕ ಮಾಡಿದ್ದು, ಇಷ್ಟು ಕ್ರೂರಿ ಮಾಡಿದ್ದೂ ಅದೇ. ಹಾಗಾಗಿ 1880ರ ದಶಕದ ಕೊನೆಯಿಂದ ಅಮೆರಿಕದ ಸಂಶೋಧಕರು ಪೈಪು ಒಡೆದ ಕೂಡಲೆ ತಾನೇ ಮುಚ್ಚಿಕೊಳ್ಳುವ ಕವಾಟಗಳಿಗೆ ಪೇಟೆಂಟ್ ಕೇಳತೊಡಗಿದರು. ಆ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ರಕ್ಷಣೆಯ ಭಾರವನ್ನೆಲ್ಲ ಅಂಥ ಕವಾಟದ ಮೇಲೆ ಹೊರಿಸುವುದು ಸರಿಯಲ್ಲ, ಅದಕ್ಕಿಂತ ಮೊದಲು ಮಾಡಬೇಕಾದ ಸರಳ ಕೆಲಸಗಳಿವೆ ಎಂಬುದು ನನ್ನ ವಾದ.

ಮೊದಲು ಕವಾಟದ ಪರವಾಗಿಯೇ ನೋಡೋಣ, ಏಕೆಂದರೆ ಅದರ ಪರ ಇರುವ ಲೆಕ್ಕ ಗಟ್ಟಿಯಾಗಿದೆ. ಐದು ಸೆಂಟಿಮೀಟರ್ ಒಳವ್ಯಾಸದ ಪೈಪು, ಇಪ್ಪತ್ತು ಮೀಟರ್ ಉದ್ದದ ಬೋಗಿ, ಗಾಳಿಯ ಒತ್ತಡಕ್ಕಿಂತ ಐದು ಪಟ್ಟು ಹೆಚ್ಚಿನ ಒತ್ತಡದ ಉಗಿ ಎಂದಿಟ್ಟುಕೊಳ್ಳಿ. ಅಷ್ಟು ಉದ್ದದ ಪೈಪಿನೊಳಗೆ ಒಂದು ಕ್ಷಣಕ್ಕೆ ಇರುವ ಉಗಿಯ ತೂಕ ಎಷ್ಟು? ಬರೀ 125 ಗ್ರಾಂ ಆಸುಪಾಸು. ಹತ್ತು ಬೋಗಿಗಳ ಇಡೀ ರೈಲಿನ ಮುಖ್ಯ ಪೈಪನ್ನು ಬರಿದು ಮಾಡಿದರೂ ಒಂದೂಕಾಲು ಕಿಲೋ ಮೀರದು. ಅಂದರೆ ಅಪಾಯ ಪೈಪಿನಲ್ಲಿ ಕೂತಿಲ್ಲ, ಅದರ ಹಿಂದಿರುವ ಬಾಯ್ಲರಿನಲ್ಲಿದೆ. ಪೈಪು ಪೂರ್ತಿ ತುಂಡಾದರೆ, ದಾರಿಯ ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಲ್ಲಿ, ಆ ಬಾಯಿಂದ ಸೆಕೆಂಡಿಗೆ ಒಂದೂಮುಕ್ಕಾಲು ಕಿಲೋ ಉಗಿ ನುಗ್ಗಬಲ್ಲದು. ಹೊರಗಿನ ಒತ್ತಡಕ್ಕೆ ಹಿಗ್ಗಿದ ಮೇಲೆ ಅದು ಸೆಕೆಂಡಿಗೆ ಸುಮಾರು ಮೂರು ಘನ ಮೀಟರ್; ಒಂದು ಬೋಗಿಯ ಒಳಜಾಗವನ್ನು ಮುಕ್ಕಾಲು ನಿಮಿಷದಲ್ಲಿ ತುಂಬುವಷ್ಟು. ಬಯಲಿನಲ್ಲಾದರೆ ಉಗಿಯ ಚಿಲುಮೆ ಸುತ್ತಲಿನ ಗಾಳಿಯನ್ನು ಸೆಳೆದುಕೊಂಡು ಬೇಗ ತಣ್ಣಗಾಗುತ್ತದೆ. ಜಜ್ಜಿಹೋದ ಬೋಗಿಯೊಳಗೆ ಸಿಕ್ಕಿಕೊಂಡವರಿಗೆ ಆ ಅನುಕೂಲವಿಲ್ಲ. ಬಾಯ್ಲರಿಗೂ ಒಡೆದ ಬಾಯಿಗೂ ನಡುವಿನ ದಾರಿ ಒಂದೆರಡು ಸೆಕೆಂಡಿನಲ್ಲಿ ಮುಚ್ಚಿದರೆ ಮಾತ್ರ ಅನಾಹುತ ತಪ್ಪುತ್ತದೆ, ಆ ವೇಗದಲ್ಲಿ ಮನುಷ್ಯ ಏನನ್ನೂ ಮುಚ್ಚಲಾರ. ಚಾಲಕ ಕೈಯಿಂದ ಮುಚ್ಚಿದರಾಯಿತು ಎಂಬ ಆಕ್ಷೇಪಕ್ಕೆ ಇಷ್ಟು ಉತ್ತರ ಸಾಕು. ಡಿಕ್ಕಿಯಾದ ಗಳಿಗೆಯಲ್ಲಿ ಚಾಲಕ ಇದ್ದಾನೋ ಇಲ್ಲವೋ ಎಂಬುದೇ ಖಾತ್ರಿಯಿಲ್ಲ.

ಇಷ್ಟಾದರೂ ಎಲ್ಲ ಒಡಕೂ ಒಂದೇ ಅಲ್ಲ. ಎಂಜಿನ್ ಮತ್ತು ಮೊದಲ ಬೋಗಿಯ ನಡುವಿನ ರಬ್ಬರ್ ಕೊಳವೆ ಕಿತ್ತುಹೋದರೆ ಬಾಯ್ಲರಿನ ಉಗಿ ಬಯಲಿಗೆ ಹೋಗುತ್ತದೆ, ಪ್ರಯಾಣಿಕರ ಪಾಲಿಗೆ ಉಳಿಯುವುದು ಬೋಗಿಯೊಂದಕ್ಕೆ ಆ 125 ಗ್ರಾಂ. ಎಂಜಿನ್ನೇ ಬಂದು ಬೋಗಿಯೊಳಗೆ ನುಗ್ಗಿದರೆ ಬಿಸಿಪೈಪಿನ ಕವಾಟ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 1902ರ ಜನವರಿ 8ರಂದು ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಆದದ್ದು ಅದು. ನಿಂತಿದ್ದ ರೈಲಿಗೆ ಹಿಂದಿನಿಂದ ಬಂದ ರೈಲು ಗುದ್ದಿತು, ಎಂಜಿನ್ ಕೊನೆಯ ಬೋಗಿಯನ್ನು ಹೊಕ್ಕಿತು, ಹದಿನೈದಕ್ಕೂ ಹೆಚ್ಚು ಜನ ಸತ್ತರು, ಅಲ್ಲಿ ಜನರನ್ನು ಬೇಯಿಸಿದ್ದು ಎಂಜಿನ್ನಿನ ಸ್ವಂತ ಉಗಿ. ಮರುವರ್ಷ ರಾಜ್ಯ ಅದಕ್ಕೆ ಕಂಡುಕೊಂಡ ಪರಿಹಾರ ಕವಾಟವಲ್ಲ; 1908ರ ನಂತರ ಮ್ಯಾನ್‌ಹಟನ್ನಿನೊಳಗೆ ಉಗಿ ಎಂಜಿನ್ನೇ ಬರಕೂಡದು ಎಂಬ ಕಾನೂನು. ಹಾಗಾದರೆ ತಾನೇ ಮುಚ್ಚುವ ಕವಾಟ ನಿಜಕ್ಕೂ ಜೀವ ಉಳಿಸಬಲ್ಲದ್ದು ಎಲ್ಲಿ? ರೈಲು ಇನ್ನೂ ತನ್ನ ಎಂಜಿನ್ನಿಗೆ ಅಂಟಿಕೊಂಡಿದ್ದು, ನಡುವೆಯೋ ಹಿಂದೆಯೋ ಒಂದು ಬೋಗಿ ಮುರಿದಾಗ. ಹಿಂದಿನಿಂದ ಗುದ್ದಿಸಿಕೊಂಡ ರೈಲಿನಲ್ಲಿ, ಅಥವಾ ಒಂದು ಬೋಗಿಯ ನೆಲ ಇನ್ನೊಂದರೊಳಗೆ ತೂರಿಕೊಂಡಾಗ.

ಕವಾಟಕ್ಕೆ ಅತಿ ಕಷ್ಟ ಕೊಡುವ ಜಾಗವೂ ಅದೇ. ಅದರ ಸರಳ ರೂಪ ಹೀಗಿರುತ್ತದೆ: ಪೈಪಿನೊಳಗೆ ಒಂದು ಬಿಲ್ಲೆ, ಅದನ್ನು ತೆರೆದಿಡುವ ಒಂದು ಸ್ಪ್ರಿಂಗು. ಉಗಿ ಹದವಾಗಿ ಹರಿಯುವಾಗ ಸ್ಪ್ರಿಂಗು ಗೆಲ್ಲುತ್ತದೆ. ಹರಿವು ಮಿತಿ ಮೀರಿದರೆ ಬಿಲ್ಲೆಯ ಎರಡು ಬದಿಯ ಒತ್ತಡದ ಅಂತರ ಹೆಚ್ಚಿ ಬಿಲ್ಲೆಯನ್ನು ಪೀಠಕ್ಕೆ ತಳ್ಳಿ ಕೂರಿಸುತ್ತದೆ. ಅಂದರೆ ಈ ಕವಾಟಕ್ಕೆ ಅಪಘಾತ ಎಂದರೆ ಏನೆಂದು ಗೊತ್ತಿಲ್ಲ, ಗೊತ್ತಿರುವುದು ಹರಿವಿನ ವೇಗ ಮಾತ್ರ. ಕೊರೆಯುವ ಚಳಿಯಲ್ಲಿ ಉದ್ದನೆಯ ರೈಲೊಂದಕ್ಕೆ ಗಂಟೆಗೆ ಎರಡು ಸಾವಿರ ಕಿಲೋ ಉಗಿ ಬೇಕಾದೀತು. ಅದು ಸೆಕೆಂಡಿಗೆ ಅರ್ಧ ಕಿಲೋ ದಾಟುತ್ತದೆ, ಅಷ್ಟೂ ಮೊದಲ ಬೋಗಿಯ ಪೈಪಿನ ಮೂಲಕವೇ ಹೋಗಬೇಕು. ಈಗ ಹತ್ತನೇ ಬೋಗಿಯಲ್ಲಿ ಪೈಪು ಒಡೆಯಿತು ಎನ್ನಿ. ಇನ್ನೂರು ಮೀಟರ್ ಪೈಪಿನ ಘರ್ಷಣೆ, ಹತ್ತು ಜೋಡಣೆಗಳ ತಿರುವು ದಾಟಿ ಅಲ್ಲಿಗೆ ತಲುಪುವಷ್ಟರಲ್ಲಿ ಒತ್ತಡ ಕುಸಿದಿರುತ್ತದೆ, ಒಡಕಿನಿಂದ ನುಗ್ಗುವ ಉಗಿ ತಲೆಯ ಕಡೆ ದಿನನಿತ್ಯ ಹರಿಯುವ ಉಗಿಗಿಂತ ಹೆಚ್ಚೇನೂ ಇರಲಾರದು. ತಲೆಯಲ್ಲಿ ಕೂತ ಒಂಟಿ ಕವಾಟಕ್ಕೆ ಇವೆರಡರ ವ್ಯತ್ಯಾಸ ತಿಳಿಯುವ ದಾರಿಯಿಲ್ಲ. ಸಾಲದ್ದಕ್ಕೆ, ತಣ್ಣಗೆ ನಿಂತ ರೈಲಿಗೆ ಉಗಿ ಬಿಟ್ಟ ಮೊದಲ ನಿಮಿಷಗಳಲ್ಲಿ ಮಂಜುಗಡ್ಡೆಯಷ್ಟು ತಣ್ಣಗಿರುವ ಲೋಹ ಉಗಿಯನ್ನು ಹೀರಿ ನೀರು ಮಾಡುತ್ತಲೇ ಇರುತ್ತದೆ. ಆಗಿನ ಹರಿವು ಒಡಕನ್ನೇ ಹೋಲುತ್ತದೆ. ಇನ್ನು ಕೊನೆಯ ಬೋಗಿಯ ತುದಿಯ ಕವಾಟವನ್ನು ರೈಲ್ವೆಯವರು ಬೇಕೆಂದೇ ಕೊಂಚ ತೆರೆದಿಡುತ್ತಿದ್ದರು, ಪೈಪಿನಲ್ಲಿ ನೀರು ನಿಂತು ಮಂಜುಗಡ್ಡೆಯಾಗದಿರಲಿ ಎಂದು. ರೈಲಿನ ಬಾಲದಲ್ಲಿ ಸದಾ ಏಳುತ್ತಿದ್ದ ಬಿಳಿ ಉಗಿಗೆ ಅದೂ ಒಂದು ಕಾರಣ. ಸೋರಿಕೆಯೇ ಪದ್ಧತಿಯಾಗಿರುವ ಕಡೆ ಸೋರಿಕೆಯನ್ನು ಕಳ್ಳನೆಂದು ಹಿಡಿಯುವುದು ಹೇಗೆ?

ಬೋಗಿಗೊಂದು ಕವಾಟ ಹಾಕಿ, ಪ್ರತಿಯೊಂದನ್ನೂ ಅದರ ಸ್ಥಾನಕ್ಕೆ ತಕ್ಕ ಮಿತಿಗೆ ಹೊಂದಿಸಿ ಎಂದು ಹೇಳಬಹುದು. ಕಾಗದದ ಮೇಲೆ ಇದು ಸರಿ. ಆದರೆ ಬೋಗಿಗೆ ಸ್ಥಿರ ಸ್ಥಾನವಿಲ್ಲ. ಇಂದು ಮೂರನೆಯದು, ನಾಳೆ ಇನ್ನೊಂದು ರೈಲಿನಲ್ಲಿ ಹನ್ನೊಂದನೆಯದು. ಎಲ್ಲ ಕವಾಟಗಳನ್ನೂ ಧಾರಾಳ ಮಿತಿಗೆ ಹೊಂದಿಸಿದರೆ ಹಿಂದಿನವು ಮುಚ್ಚವು, ಬಿಗಿ ಮಿತಿಗೆ ಹೊಂದಿಸಿದರೆ ಮುಂದಿನವು ಸುಮ್ಮಸುಮ್ಮನೆ ಮುಚ್ಚುತ್ತವೆ. ಸುಮ್ಮನೆ ಮುಚ್ಚಿದರೆ ಏನು ಮಹಾ ನಷ್ಟ ಎಂದು ನಮ್ಮಂಥ ಬಿಸಿಲುನಾಡಿನವರಿಗೆ ಅನ್ನಿಸಬಹುದು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ರಾತ್ರಿಯಲ್ಲಿ ಪೈಪಿನಲ್ಲಿ ನಿಂತ ನೀರು ಹೆಪ್ಪುಗಟ್ಟಿ ಶೇಕಡ 9ರಷ್ಟು ಹಿಗ್ಗಿ ಪೈಪನ್ನೇ ಸೀಳುತ್ತದೆ. ಒಡಕಿಲ್ಲದ ಕಡೆ ಕವಾಟವೇ ಒಡಕು ಮಾಡಿದಂತಾಗುತ್ತದೆ. ನಿಂತ ನೀರಿನ ಮೇಲೆ ಮತ್ತೆ ಉಗಿ ಬಿಟ್ಟರೆ ನೀರಿನ ಗಡ್ಡೆ ಗುಂಡಿನಂತೆ ಚಿಮ್ಮಿ ಪೈಪಿನ ತಿರುವಿಗೆ ಬಡಿಯುವ ಭಯ ಬೇರೆ. ಉಗಿಗೂ ನಿಂತ ನೀರಿಗೂ ಎಷ್ಟು ಹಗೆ ಎಂಬುದನ್ನು 2007ರ ಜುಲೈನಲ್ಲಿ ನ್ಯೂಯಾರ್ಕ್ ನಗರ ನೋಡಿತು. 1924ರಲ್ಲಿ ರಸ್ತೆಯಡಿ ಹಾಕಿದ್ದ ದೊಡ್ಡ ಉಗಿಪೈಪು ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಹತ್ತಿರ ಸ್ಫೋಟಿಸಿದ್ದು ಇಂಥ ನೀರಿನ ಹೊಡೆತದಿಂದಲೇ.

ಇನ್ನೊಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಅದೇ ರೈಲಿನಲ್ಲಿ ಅದೇ ಕಾಲದಲ್ಲಿ ಸ್ವಯಂಚಾಲಿತ ರಕ್ಷಣೆ ಅದ್ಭುತವಾಗಿ ಕೆಲಸ ಮಾಡಿತ್ತಲ್ಲ? ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ಸುಧಾರಿಸಿದ ಗಾಳಿ ಬ್ರೇಕಿನಲ್ಲಿ ಪೈಪಿನ ಒತ್ತಡವೇ ಬ್ರೇಕನ್ನು ಸಡಿಲವಾಗಿಡುತ್ತದೆ. ಪೈಪು ಎಲ್ಲೇ ಕಡಿಯಲಿ, ಒತ್ತಡ ಇಳಿದು ಎಲ್ಲ ಬೋಗಿಗಳಲ್ಲೂ ಬ್ರೇಕು ಬೀಳುತ್ತದೆ. ಉಗಿಗೂ ಹಾಗೇ ಮಾಡಬಾರದೇಕೆ? ಕಾರಣ ಇಷ್ಟೇ: ಬ್ರೇಕಿನ ಪೈಪಿನಲ್ಲಿ ಗಾಳಿ ಬಹುಮಟ್ಟಿಗೆ ನಿಂತಿರುತ್ತದೆ, ಅದು ಸುದ್ದಿ ಒಯ್ಯುತ್ತದೆಯೇ ಹೊರತು ಸರಕನ್ನಲ್ಲ. ಉಗಿಯ ಪೈಪಿನ ಕೆಲಸವೇ ಸರಕು ಸಾಗಿಸುವುದು. ನಿಂತದ್ದರಲ್ಲಿ ಚಲನೆಯನ್ನು ಗುರುತಿಸುವುದು ಸುಲಭ, ಹರಿಯುವುದರಲ್ಲಿ ಹೆಚ್ಚಿನ ಹರಿವನ್ನು ಗುರುತಿಸುವುದು ಕಷ್ಟ. ಬ್ರೇಕಿನ ಪೈಪಿನ ಸುದ್ದಿಯನ್ನೇ ಎರವಲು ಪಡೆದು ಉಗಿಯ ಕವಾಟ ಮುಚ್ಚಿಸಬಹುದು ನಿಜ. ಆದರೆ ಚಾಲಕ ಪ್ರತಿ ನಿಲ್ದಾಣದಲ್ಲೂ ಬ್ರೇಕು ಹಾಕುತ್ತಾನೆ, ಆಗಲೂ ಒತ್ತಡ ಇಳಿಯುತ್ತದೆ. ಮಾಮೂಲಿ ಇಳಿತವನ್ನೂ ದಿಢೀರ್ ಕುಸಿತವನ್ನೂ ಬೇರ್ಪಡಿಸುವ ಇನ್ನೊಂದು ಸೂಕ್ಷ್ಮ ಯಂತ್ರ ಬೋಗಿಬೋಗಿಗೂ ಬೇಕು. ದೂಳು, ತುಕ್ಕು, ಹಿಮದ ನಡುವೆ ವರ್ಷಗಟ್ಟಲೆ ಸುಮ್ಮನೆ ಕೂತು, ಒಂದೇ ಒಂದು ಸಲ, ಅದೂ ಬೋಗಿ ಮುರಿದು ಬೀಳುವ ಹೊತ್ತಿನಲ್ಲಿ, ತಪ್ಪದೆ ಕೆಲಸ ಮಾಡಬೇಕು. ಬ್ರೇಕು ದಿನಕ್ಕೆ ಹತ್ತಾರು ಸಲ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ಈ ಕವಾಟಕ್ಕೆ ಆ ಭಾಗ್ಯವಿಲ್ಲ.

ಹೀಗಾಗಿ ನನಗೆ ಹೆಚ್ಚು ಬುದ್ಧಿವಂತಿಕೆಯದಾಗಿ ಕಾಣುವುದು ಬೇರೆ ದಾರಿ. 20ನೇ ಶತಮಾನದ ಆರಂಭದಲ್ಲಿ ಎಗ್ಬರ್ಟ್ ಗೋಲ್ಡ್ ರೂಪಿಸಿದ ವ್ಯವಸ್ಥೆಯಲ್ಲಿ ಒತ್ತಡದ ಉಗಿ ನೆಲದಡಿಯ ಮುಖ್ಯ ಪೈಪಿನಲ್ಲೇ ಉಳಿಯುತ್ತದೆ. ಬೋಗಿಯೊಳಗಿನ ಸುರುಳಿಯಲ್ಲಿ ಹರಿಯುವುದು ಹೊರಗಾಳಿಯಷ್ಟೇ ಒತ್ತಡದ ಉಗಿ. ಸುರುಳಿಯ ತುದಿ ಮತ್ತೆ ನೆಲದಡಿ ಬಂದು ಗಾಳಿಗೆ ತೆರೆದುಕೊಳ್ಳುತ್ತದೆ, ಅಲ್ಲಿಗೆ ಉಗಿ ತಲುಪಿದೊಡನೆ ಅದರ ಬಿಸಿಗೆ ಒಂದು ಡಬ್ಬಿ ಉಬ್ಬಿ ಒಳಬರುವ ಕವಾಟವನ್ನು ಮುಚ್ಚುತ್ತದೆ, ತಣಿದರೆ ತೆರೆಯುತ್ತದೆ. ಇದೂ ತಾನೇ ಮುಚ್ಚುವ ಕವಾಟವೇ, ದಿನವಿಡೀ ಕೆಲಸ ಮಾಡುವಂಥದ್ದು. ಇದರ ದೋಷವನ್ನೂ ಹೇಳಬೇಕು. ಬೋಗಿಯೊಳಗಿನ ಸುರುಳಿಯೇ ಒಡೆದರೆ ಉಗಿ ತುದಿಗೆ ತಲುಪುವುದಿಲ್ಲ, ಡಬ್ಬಿ ತಣ್ಣಗಿರುತ್ತದೆ, ಕವಾಟ ಪೂರ್ತಿ ತೆರೆದುಕೊಳ್ಳುತ್ತದೆ. ಸೌಖ್ಯಕ್ಕಾಗಿ ಹುಟ್ಟಿದ ಯಂತ್ರ ಅಪಘಾತದಲ್ಲಿ ತಿರುವುಮುರುವಾಗಿ ವರ್ತಿಸುತ್ತದೆ. ಅಲ್ಲಿ ಕಾಯುವುದು ಕವಾಟವಲ್ಲ, ಒಳಬರುವ ಕಿಂಡಿಯ ಅಳತೆ. ಮೇಲಿನ ಒತ್ತಡದಲ್ಲೇ ಆರು ಮಿಲಿಮೀಟರ್ ತೂತಿನ ಮೂಲಕ ಹೋಗಬಲ್ಲ ಉಗಿ ಗಂಟೆಗೆ ಸುಮಾರು 90 ಕಿಲೋ. ಒಂದು ಬೋಗಿಯನ್ನು ಬೆಚ್ಚಗಿಡಲು ಅಷ್ಟು ಉಗಿ ಬಹುತೇಕ ದಿನಗಳಿಗೆ ಸಾಕು. ಒಳಗೆ ಏನೇ ಒಡೆಯಲಿ, ಸೆಕೆಂಡಿಗೆ 25 ಗ್ರಾಮಿಗಿಂತ ಹೆಚ್ಚು ಬರುವ ದಾರಿಯೇ ಇಲ್ಲ, ಅಂದರೆ ತುಂಡಾದ ಮುಖ್ಯ ಪೈಪಿನ ಎಪ್ಪತ್ತನೇ ಒಂದು ಪಾಲು. ಪಕ್ಕದಲ್ಲೇ ಸಿಕ್ಕಿಕೊಂಡವನಿಗೆ ಅದೂ ಅಪಾಯವೇ, ಉಳಿದವರಿಗೆ ಹೊರಬರಲು ಸಮಯವಾದರೂ ಸಿಗುತ್ತದೆ. ತೂತಿಗೆ ಸ್ಪ್ರಿಂಗಿಲ್ಲ, ತುಕ್ಕು ಹಿಡಿದು ಅಂಟಿಕೊಳ್ಳುವ ಬಿಲ್ಲೆಯಿಲ್ಲ. ಮೊದಲು ಒತ್ತಡವನ್ನು ಜನರಿಂದ ದೂರವಿಡುವುದು, ಆಮೇಲೆ ಕಿಂಡಿಯನ್ನು ಕಿರಿದು ಮಾಡುವುದು, ತಾನೇ ಮುಚ್ಚುವ ಕವಾಟ ಮೂರನೆಯದು, ಮುಖ್ಯ ಪೈಪಿಗೆ ಮಾತ್ರ. ಈ ಕ್ರಮ ತಲೆಕೆಳಗಾಗಬಾರದು.

ಚರ್ಚೆ ಕೊನೆಗೊಂಡದ್ದು ವಿದ್ಯುತ್ತಿನಿಂದ. ಅಮೆರಿಕದ ಆಮ್‌ಟ್ರಾಕ್ 1975ರಿಂದ ತಂದ ಹೊಸ ಬೋಗಿಗಳು ಎಂಜಿನ್ನಿನ ವಿದ್ಯುತ್ತಿನಿಂದಲೇ ಬೆಚ್ಚಗಾದವು, ಒಂದು ದಶಕದೊಳಗೆ ಉಗಿಪೈಪು ಅಲ್ಲಿ ಬಹುಮಟ್ಟಿಗೆ ಮಾಯವಾಯಿತು. ಮಿತಿಮೀರಿದ ಹರಿವಿಗೆ ಮುಚ್ಚಿಕೊಳ್ಳುವ ಕವಾಟ ಮಾತ್ರ ಬೇರೆ ಕೆಲಸಗಳಿಗೆ ಉಳಿದುಕೊಂಡಿದೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುವ ಅಡುಗೆ ಅನಿಲದ ಟ್ಯಾಂಕರುಗಳಲ್ಲೂ ಅದು ಇದೆ, ಅದರ ಜೊತೆಗೆ ಹಳೆಯ ಮಿತಿಯೂ ಇದೆ: ಪೈಪು ತುಂಡಾದರೆ ಅದು ಮುಚ್ಚುತ್ತದೆ, ಬಿರುಕಿನಿಂದ ಸಣ್ಣಗೆ ಸೋರಿದರೆ ಅದಕ್ಕೆ ತಿಳಿಯುವುದೇ ಇಲ್ಲ. ಆ ಸಣ್ಣ ಸೋರಿಕೆಯನ್ನು ಹಿಡಿಯಲು ಇಂದಿಗೂ ನಾವು ನೆಚ್ಚಿರುವುದು ಅನಿಲಕ್ಕೆ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ನಿನ ನಾತವನ್ನು ಮತ್ತು ಅದನ್ನು ಗಮನಿಸುವ ಮೂಗನ್ನು.