ಜನಸುನಾವಣಿಯಲ್ಲಿ ನಮ್ಮ ಮಾತು ಕಾಗದಕ್ಕೆ ಇಳಿಯಬೇಕಾದರೆ



ಹೋದ ತಿಂಗಳ ಸಭೆ ಮುಗಿದು ಚಹಾ ಕುಡಿಯುವಾಗ ಉಮದಿ, ಸಂಖ ಕಡೆಯ ಕೆಲವು ಸದಸ್ಯರು ಒಂದು ಪ್ರಶ್ನೆ ಕೇಳಿದರು. "ನಮ್ಮ ಹೊಲದ ಬಾಜೂಕ ದೊಡ್ಡ ಕಾರ್ಖಾನಿ ಬಂದ್ರ ನಮ್ಮನ್ನ ಯಾರರೆ ಕೇಳ್ತಾರೇನ್ರಿ?" ಕೇಳುತ್ತಾರೆ, ಕೇಳಲೇಬೇಕೆಂಬ ಕಾನೂನಿದೆ. ಆದರೆ ಕೇಳಿದ್ದು ಕಾಗದದ ಮೇಲೆ ಹೇಗೆ ಇಳಿಯುತ್ತದೆ ಎಂಬುದೇ ಬೇರೆ ಮಾತು. ಮೂವತ್ತು ವರ್ಷ ಕಾರಕೂನಿಕೆ ಮಾಡಿದವನು ನಾನು. ಕಾಗದದ ವಿಷಯ ನನಗೆ ಸ್ವಲ್ಪ ಗೊತ್ತು, ಅದಕ್ಕಾಗಿ ಈ ಬರಹ.

ಕೇಂದ್ರ ಪರಿಸರ ಮಂತ್ರಾಲಯವು 2006ರ ಸೆಪ್ಟೆಂಬರ್ 14ರಂದು ಒಂದು ಅಧಿಸೂಚನೆ ಹೊರಡಿಸಿತು. ಆಮೇಲೆ ಅನೇಕ ತಿದ್ದುಪಡಿ ಆಗಿದ್ದರೂ ಇಂದಿಗೂ ನಡೆಯುತ್ತಿರುವುದು ಅದೇ. ಅದರ ಯಾದಿಯಲ್ಲಿರುವ ಉದ್ಯೋಗ ಶುರು ಮಾಡುವ ಮೊದಲು ಪರಿಸರ ಪರವಾನಗಿ ತೆಗೆದುಕೊಳ್ಳಬೇಕು. ದೊಡ್ಡವುಗಳಿಗೆ ಊರ ಜನರ ಮುಂದೆ ಸಭೆಯೂ ನಡೆಯಬೇಕು. ಇದನ್ನೇ ನಮ್ಮ ಮರಾಠಿ ಪತ್ರಿಕೆಗಳಲ್ಲಿ 'ಪರ್ಯಾವರಣವಿಷಯಕ ಜನಸುನಾವಣಿ' ಎಂದು ಹಾಕುತ್ತಾರೆ. ಕರ್ನಾಟಕದಲ್ಲಿ 'ಪರಿಸರ ಸಾರ್ವಜನಿಕ ಆಲಿಕೆ' ಎನ್ನುತ್ತಾರೆ. ದಿನಕ್ಕೆ 5000 ಟನ್ ಅಥವಾ ಅದಕ್ಕಿಂತ ಹೆಚ್ಚು ಕಬ್ಬು ಅರೆಯುವ ಸಕ್ಕರೆ ಕಾರ್ಖಾನೆ, ಡಿಸ್ಟಿಲರಿ, ದೊಡ್ಡ ಕಲ್ಲಿನ ಖಣಿ, ಇವೆಲ್ಲ ಆ ಯಾದಿಯಲ್ಲಿ ಬರುತ್ತವೆ.

ಎಲ್ಲದಕ್ಕೂ ಸುನಾವಣಿ ಇರುವುದಿಲ್ಲ ಎಂಬುದನ್ನೂ ತಿಳಿದುಕೊಳ್ಳಬೇಕು. ನಮ್ಮ ಗುಡ್ಡದ ಮೇಲಿನ ಪವನಚಕ್ಕಿಗಳು ಯಾದಿಯಲ್ಲೇ ಇಲ್ಲ, ಸೋಲಾರ್ ಇಲ್ಲ. 'ಬಿ-2' ಎಂದು ಗುರುತು ಹಾಕಿದ ಸಣ್ಣ ಯೋಜನೆಗಳಿಗೂ ಇಲ್ಲ. 2021ರ ತಿದ್ದುಪಡಿಯ ನಂತರ ಇಂಧನದ ಎಥನಾಲ್‌ಗಾಗಿ ಮಾಡುವ ಕೆಲವು ವಿಸ್ತರಣೆಗಳೂ ಸುನಾವಣಿ ಇಲ್ಲದೆ ಹೋಗುತ್ತವೆ. ಅಂಥ ಕಡೆ ಗ್ರಾಮಸಭೆಯ ಠರಾವು ಮತ್ತು ತಕರಾರು ಅರ್ಜಿ, ಇವಿಷ್ಟೇ ನಮ್ಮ ಕೈಯಲ್ಲಿರುವುದು.

ಸುನಾವಣಿ ನಡೆಸುವುದು ಮಹಾರಾಷ್ಟ್ರ ಪ್ರದೂಷಣ ನಿಯಂತ್ರಣ ಮಂಡಳ. ನಮಗೆ ಸಾಂಗಲಿಯ ಉಪಪ್ರಾದೇಶಿಕ ಕಚೇರಿ ಹತ್ತಿರದ್ದು, ಅದರ ಮೇಲೆ ಕೊಲ್ಹಾಪುರದ ಪ್ರಾದೇಶಿಕ ಕಚೇರಿ. ಅಧ್ಯಕ್ಷತೆ ಜಿಲ್ಲಾಧಿಕಾರಿಗಳದು. ಅವರು ಬರದಿದ್ದರೆ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರು ಕೂಡುವಂತಿಲ್ಲ. ಸಭೆಗೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ನೋಟೀಸು ಬರಬೇಕು. ಪತ್ರಿಕೆ ತಲುಪದ ಊರಲ್ಲಿ ಡಂಗುರ ಸಾರಬೇಕೆಂದೂ ಅಧಿಸೂಚನೆಯಲ್ಲಿದೆ. ಸಭೆ ಯೋಜನೆಯ ಜಾಗದಲ್ಲಿ ಅಥವಾ ಅದರ ಸಮೀಪದಲ್ಲೇ ಆಗಬೇಕು.

ಆ 30 ದಿನ ಸುಮ್ಮನೆ ಕಳೆಯಬೇಡಿ. ಕರಡು ವರದಿಯನ್ನು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪರಿಷತ್, ಜಿಲ್ಲಾ ಉದ್ಯೋಗ ಕೇಂದ್ರ ಮತ್ತು ಮಂಡಳದ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು. ಪೂರ್ತಿ ವರದಿ ನೂರಾರು ಪುಟದ ಇಂಗ್ಲಿಷು, ಅದನ್ನು ಕಂಡು ಹೆದರಬೇಡಿ. ಸಾರಾಂಶ ಮರಾಠಿಯಲ್ಲಿ ಇರುತ್ತದೆ. ಅದರಲ್ಲಿ ಮೂರೇ ಸಂಗತಿ ಹುಡುಕಿ: ನೀರು ಎಲ್ಲಿಂದ ತರುತ್ತಾರೆ, ಹೊಲಸು ನೀರು ಎಲ್ಲಿ ಬಿಡುತ್ತಾರೆ, ನಮ್ಮ ಊರಿನ ಬಾವಿ, ಹಳ್ಳ, ಕೆರೆಗಳ ಹೆಸರು ನಕಾಶೆಯಲ್ಲಿ ಇದೆಯೋ ಇಲ್ಲವೋ. 2012ರಲ್ಲಿ ನೀರಿಗಾಗಿ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ ಹಳ್ಳಿಗಳ ತಾಲೂಕು ಇದು. ಇಲ್ಲಿ ಮೊದಲ ಪ್ರಶ್ನೆ ನೀರಿನದೇ ಆಗಬೇಕು.

ಇನ್ನು ಕಾಗದದ ಮಾತು. ಕೆಲವು ವರ್ಷಗಳ ಹಿಂದೆ ಇಂಥದೊಂದು ಸುನಾವಣಿಗೆ ನಾನೂ ಹೋಗಿದ್ದೆ. ಯಾವ ಕಾರ್ಖಾನೆ, ಯಾವ ಊರು ಎಂಬುದು ಇಲ್ಲಿ ಬೇಡ. ಧೋತರ, ಪಟಕ ಸುತ್ತಿದ ಮುತ್ಯಾ ಒಬ್ಬರು ಎದ್ದು ನಿಂತರು. "ಸಾಹೇಬ್ರ, ಮಳಿಗಾಲದಾಗ ರಾತ್ರಿ ಹಳ್ಳಕ್ಕ ನೀರು ಬಿಡ್ತೀರಿ. ನಮ್ಮ ಬಾವಿ ನೀರು ಕಾಕಂಬಿ ಬಣ್ಣ ಆಗೇತಿ. ಎಮ್ಮಿ ಮೂಸಿ ನೋಡಿ ತಿರುಗಿ ಬರ್ತಾವ" ಎಂದರು. ಜನ ಚಪ್ಪಾಳೆ ತಟ್ಟಿದರು. ಮುಂದೆ ಆ ಸಭೆಯ ವರದಿ ಓದಿದೆ. ಅದರಲ್ಲಿ ಇದ್ದದ್ದು ಇಷ್ಟು: 'ಒಬ್ಬ ರೈತರು ನೀರಿನ ಬಗ್ಗೆ ವಿಚಾರಿಸಿದರು. ಕಂಪನಿಯವರು ಸಮಾಧಾನಕಾರಕ ಉತ್ತರ ಕೊಟ್ಟರು.' ರಾತ್ರಿ ಇಲ್ಲ, ಬಾವಿ ಇಲ್ಲ, ಎಮ್ಮೆ ಇಲ್ಲ. ಬರೆದವರಿಗೆ ಕನ್ನಡ ಬರುತ್ತಿರಲಿಲ್ಲ. ಅವರನ್ನೇ ಬೈದು ಏನು ಮಾಡುವುದು, ನೌಕರಿಯಲ್ಲಿದ್ದಾಗ ನಾನೂ ಹೀಗೆ ಎಷ್ಟು ಜನರ ಮಾತನ್ನು ಒಂದು ಸಾಲಿಗೆ ಇಳಿಸಿದ್ದೇನೋ!

ಅಧಿಸೂಚನೆ ಹೇಳುವುದು ಬೇರೆ. ಜನ ಹೇಳಿದ ಎಲ್ಲ ಅಭಿಪ್ರಾಯಗಳೂ ಸರಿಯಾಗಿ ದಾಖಲಾಗಬೇಕು. ಸಭೆಯ ಕೊನೆಗೆ ಅದನ್ನು ಅಲ್ಲಿಯೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಅದೇ ದಿನ ಸಹಿ ಆಗಬೇಕು. ಇಡೀ ಸಭೆಯ ವಿಡಿಯೋ ಚಿತ್ರೀಕರಣವೂ ಆಗಬೇಕು. ಅಂದು ಜನ ಊಟಕ್ಕೆಂದು ಎದ್ದು ಹೋದರು, ಓದುವಾಗ ಪೆಂಡಾಲಿನಲ್ಲಿ ಹತ್ತು ಮಂದಿ ಇರಲಿಲ್ಲ. ನಾನೂ ಬಸ್ಸು ತಪ್ಪೀತೆಂದು ಮೊದಲೇ ಹೊರಟಿದ್ದೆ. ಆ ಕೊನೆಯ ಅರ್ಧ ತಾಸು ಕುಳಿತಿದ್ದರೆ "ಮುತ್ಯಾರ ಮಾತು ಬಿಟ್ಟಿದೆ, ಸೇರಿಸಿ" ಎನ್ನಬಹುದಿತ್ತು. ದಯವಿಟ್ಟು ನೀವು ಕೂಡ್ರಿ.

ಬಾಯಿಮಾತಿನ ಜೊತೆಗೆ ಲೇಖಿ ಅರ್ಜಿ ಇರಲೇಬೇಕು. ಅದನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳುತ್ತೀರಿ. ಬರೆಯಬಹುದು. ಸಂವಿಧಾನದ 350ನೇ ಕಲಮಿನ ಪ್ರಕಾರ, ಕುಂದುಕೊರತೆ ನಿವಾರಣೆಗಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಮನವಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಜತ್ತ ತಾಲೂಕಿನಲ್ಲಿ ಕನ್ನಡ ಬಳಕೆಯಲ್ಲಿಲ್ಲ ಎಂದು ಯಾರು ಹೇಳಿಯಾರು? ಆದರೂ ಕಾರಕೂನನ ಬುದ್ಧಿ ಒಂದು ಹೇಳುತ್ತೇನೆ: ಕನ್ನಡ ಅರ್ಜಿಗೆ ಮರಾಠಿ ತರ್ಜುಮೆ ಪಿನ್ನು ಮಾಡಿ ಕೊಡಿ. ಹಕ್ಕು ನಮ್ಮದೇ, ಆದರೆ ಓದುವವನಿಗೆ ತಿಳಿದರೆ ಕೆಲಸ ಬೇಗ ಆಗುತ್ತದೆ. ಗಟ್ ನಂಬರ್, ಬಾವಿ ಇರುವ ಜಾಗ, ಯಾವ ತಿಂಗಳಲ್ಲಿ ಏನು ಕಂಡಿರಿ ಎಂಬುದನ್ನು ಬರೆಯಿರಿ. ಸಾತಬಾರಾ ಉತಾರ ಮತ್ತು ಫೋಟೋ ಹಚ್ಚಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಆವಕ ನಂಬರು, ತಾರೀಖು, ಶಿಕ್ಕಾ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಶಿಕ್ಕಾ ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆ.

ಸಭೆಗೆ ಬರಲಾಗದವರೂ ಅರ್ಜಿ ಕಳಿಸಬಹುದು. ಕೋರಮ್ ಎಂಬುದಿಲ್ಲ, ಹತ್ತೇ ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ಆದ್ದರಿಂದ ಬಹಿಷ್ಕಾರ ಹಾಕಿದರೆ ಸಭೆ ನಿಲ್ಲುತ್ತದೆ ಎಂಬ ಭ್ರಮೆ ಬೇಡ. ಇನ್ನೊಂದು, ಅಲ್ಲಿ ಮತ ಹಾಕುವುದಿಲ್ಲ. ನೂರು ಜನ 'ಬೇಡ' ಎಂದು ಕೂಗಿದ್ದಕ್ಕಿಂತ ಒಬ್ಬರು ಬಾವಿಯ ಲೆಕ್ಕ ಕೊಟ್ಟದ್ದು ಹೆಚ್ಚು ತೂಗುತ್ತದೆ. ಗೋವೆಯ ಒಂದು ಗಣಿ ಪ್ರಕರಣದಲ್ಲಿ (ಉತ್ಕರ್ಷ ಮಂಡಳ) ದಿಲ್ಲಿ ಹೈಕೋರ್ಟು 2009ರ ನವೆಂಬರಿನಲ್ಲಿ, ಜನರ ತಕರಾರುಗಳನ್ನು ತಜ್ಞ ಸಮಿತಿ ಪರಿಶೀಲಿಸಿ, ಒಪ್ಪದಿದ್ದರೆ ಕಾರಣ ಕೊಡಬೇಕು ಎಂದು ಹೇಳಿತು. ಕಾಗದದಲ್ಲಿ ಇಲ್ಲದ ತಕರಾರಿಗೆ ಯಾರು ಕಾರಣ ಕೊಡುತ್ತಾರೆ?

ಭಾಷೆಯ ಈ ಜಗಳ ನಮ್ಮದೊಂದೇ ಅಲ್ಲ. 2020ರಲ್ಲಿ ಕೇಂದ್ರ ಸರಕಾರ ಹೊಸ ಕರಡು ಅಧಿಸೂಚನೆ ತಂದಿತು. 30 ದಿನದ ನೋಟೀಸನ್ನು 20ಕ್ಕೆ ಇಳಿಸುವ ಪ್ರಸ್ತಾವ ಅದರಲ್ಲಿತ್ತು. ಕರಡು ಬಂದದ್ದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೆ ತರ್ಜುಮೆ ಮಾಡಿಸಿರೆಂದು ದಿಲ್ಲಿ ಹೈಕೋರ್ಟು ಜೂನ್ 30ರಂದು ಆದೇಶಿಸಿತು. ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಆ ಕರಡು ಮುಂದೆ ಅಂತಿಮವಾಗಲೇ ಇಲ್ಲ.

ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿಯನ್ನು ಗ್ರಾಮ ಪಂಚಾಯತಿಯಲ್ಲಿ ಹಚ್ಚಬೇಕು, ಮಂಡಳದ ಜಾಲತಾಣದಲ್ಲೂ ಹಾಕಬೇಕು. ಓದಿ ತಪ್ಪು ಕಂಡರೆ ಪರವಾನಗಿ ಕೊಡುವ ಪ್ರಾಧಿಕಾರಕ್ಕೆ ನೇರ ಬರೆಯಬಹುದು. ಪರವಾನಗಿ ಸಿಕ್ಕೇ ಹೋದರೆ ರಾಷ್ಟ್ರೀಯ ಹಸಿರು ನ್ಯಾಯಪೀಠಕ್ಕೆ 30 ದಿನದೊಳಗೆ ಅಪೀಲು ಮಾಡಬೇಕು, ಸರಿಯಾದ ಕಾರಣವಿದ್ದರೆ ಇನ್ನೂ 60 ದಿನ ಸಿಗುತ್ತದೆ. ಪೀಠ ಪುಣೆಯಲ್ಲಿದೆ.

ಪತ್ರಿಕೆಯಲ್ಲಿ ಇಂಥ ನೋಟೀಸು ಕಂಡವರು ಕತ್ತರಿಸಿ ಸಂಘಕ್ಕೆ ತಂದುಕೊಡಿ, ಫಲಕದ ಮೇಲೆ ಹಚ್ಚುತ್ತೇನೆ. ಅರ್ಜಿ ಬರೆಸಬೇಕಾದವರು ಮಾಸಿಕ ಸಭೆಯ ದಿನ ಒಂದು ತಾಸು ಮೊದಲು ಬನ್ನಿ. ಕನ್ನಡ ನಾನು ಬರೆಯುತ್ತೇನೆ, ಮರಾಠಿಗೆ ನಮ್ಮ ನಿವೃತ್ತ ಮಾಸ್ತರರು ಒಪ್ಪಿಕೊಂಡಿದ್ದಾರೆ. ಉತಾರ ಮಾತ್ರ ಮರೆಯದೆ ತನ್ನಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ